ತುಂಬುತೋಳಿನ ಅಂಗಿ

ಅಂಗಿ ಕಾರ್ಖಾನೆಯ ಶಿಶುಮನೆಯಲ್ಲಿ ಒಂದು ಮಗುವಿಗೆ ಸೀತಾಳೆ ಸಿಡುಬು ಎದ್ದಿರುವುದು ಸೋಮವಾರ ಬೆಳಗ್ಗೆ ಗೊತ್ತಾಯಿತು. ಆ ಮಗುವಿಗೆ ತುಂಬುತೋಳಿನ ಅಂಗಿ ತೊಡಿಸುವಂತೆ ಮೇಲ್ವಿಚಾರಕ ಆಯಾಳಿಗೆ ಹೇಳಿದ. ಆ ವಾರ ಸರಕು ಹಡಗು ಸೇರಬೇಕಿತ್ತು. ಹನ್ನೊಂದು ಮಕ್ಕಳು ಒಂದೇ ಚಾಪೆಯ ಮೇಲೆ ಮಲಗಿದವು. ಅವರ ತಾಯಂದಿರು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅಂಗಿ ಹೊಲಿಯುತ್ತಿದ್ದರು. ಅವರಿಗೆ ಯಾರೂ ಹೇಳಲಿಲ್ಲ.

ಎರಡು ವಾರ ಕಳೆದ ಮೇಲೆ, ಒಂದು ಮಂಗಳವಾರ ಬೆಳಗ್ಗೆ, ಹದಿನೇಳು ತನ್ನ ಮಗಳ ತಲೆ ಬಾಚುತ್ತಿದ್ದವಳು ಕಿವಿಯ ಹಿಂದೆ ಒಂದು ಗುಳ್ಳೆ ಕಂಡು ಬಾಚಣಿಗೆ ನಿಲ್ಲಿಸಿದಳು.

ಹದಿನೇಳು ಎನ್ನುವುದು ಅವಳ ಮುದ್ರೆಯ ಸಂಖ್ಯೆ. ಹೊಲಿದು ಮುಗಿದ ಅಂಗಿಯನ್ನು ಕೊನೆಯದಾಗಿ ನೋಡುವವಳು ಅವಳು. ತಪ್ಪು ಕಂಡಲ್ಲಿ ಉಗುರಿನಷ್ಟು ಅಗಲದ ಕೆಂಪು ಬಾಣದ ಚೀಟಿ ಅಂಟಿಸಬೇಕು, ತಪ್ಪಿಲ್ಲದಿದ್ದರೆ ಒಳಪಟ್ಟಿಯ ಮೇಲೆ ತನ್ನ ಸಂಖ್ಯೆ ಒತ್ತಬೇಕು. ಒಂಬತ್ತು ವರ್ಷದಲ್ಲಿ ಅವಳ ಮುದ್ರೆ ಬಿದ್ದ ಒಂದು ಅಂಗಿಯೂ ವಾಪಸು ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಆ ಸಂಖ್ಯೆಯೇ ಅವಳ ಹೆಸರಾಗಿ ಕೂತಿತ್ತು. ಸಿಟ್ಟು ಬಂದಾಗ ಅತ್ತೆ ಕೂಡ ಮನೆಯಲ್ಲಿ ಹಾಗೇ ಕೂಗುತ್ತಿದ್ದಳು.

ಅವಳು ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಅಂಗಿ ನೋಡುವ ಕ್ರಮದಲ್ಲೇ ನೋಡಿದಳು. ಮೊದಲು ಕತ್ತು, ಆಮೇಲೆ ಹೆಗಲು, ಕಂಕುಳು, ಪಕ್ಕೆಯ ಅಂಚು. ಬೆನ್ನ ಮೇಲೆ ನಾಲ್ಕು ಕೆಂಪು ಚುಕ್ಕೆ, ಹೊಟ್ಟೆಯ ಮೇಲೆ ಆರು. ಒಂದೆರಡರ ತುದಿಯಲ್ಲಿ ಆಗಲೇ ನೀರು ತುಂಬಿ ಮಣಿಯಂತೆ ಹೊಳೆಯುತ್ತಿತ್ತು.

"ಅತ್ತೇ, ಸ್ವಲ್ಪ ಬನ್ನಿ ಇಲ್ಲಿ."

ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ನಿವೃತ್ತಳಾದ ಅತ್ತೆಗೆ ಕನ್ನಡಕ ಬೇಕಾಗಲಿಲ್ಲ. "ಸೀತಾಳೆ ಸಿಡುಬೇ. ನನ್ನ ಹಣೆ ನೋಡು, ಆ ಗುಳಿ ಕಾಣ್ತಾ? ನಾಲ್ಕನೇ ವರ್ಷದಲ್ಲಿ ಕೆರ್ಕೊಂಡಿದ್ದು. ನಿಮ್ಮ ಮಾವ ಹೆಣ್ಣು ನೋಡೋಕೆ ಬಂದಾಗ ಅದನ್ನೇ ನೋಡ್ತಾ ಕೂತಿದ್ರು, ಮುಖ ನೋಡೋದೇ ಮರೆತ್ರು."

"ಈಗ ತಮಾಷೆ ಬೇಕಾ ಅತ್ತೆ?"

"ಈಗಲ್ಲದೆ ಇನ್ಯಾವಾಗ? ಇನ್ನು ಹತ್ತು ದಿನ ನಗೋಕೆ ಪುರುಸೊತ್ತು ಇರಲ್ಲ."

ಬೀದಿಯ ತುದಿಯ ವೈದ್ಯೆ ನೋಡಿದ ಕೂಡಲೇ ಹೌದೆಂದಳು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಮಗುವಿನ ತೂಕಕ್ಕೆ ತಕ್ಕಷ್ಟು. ಆಸ್ಪಿರಿನ್ ಮಾತ್ರ ಕೊಡಲೇಬಾರದು. ಗುಳ್ಳೆಗಳಿಗೆ ಕ್ಯಾಲಮೈನ್. ಉಗುರು ಚಿಕ್ಕದಾಗಿ ಕತ್ತರಿಸಬೇಕು, ನೀರು ಕುಡಿಸುತ್ತಲೇ ಇರಬೇಕು. ಮಗು ಮಂಕಾದರೆ, ಉಸಿರು ಕಟ್ಟಿದರೆ, ಗುಳ್ಳೆ ಸುತ್ತ ಕೆಂಪಾಗಿ ಊದಿದರೆ ಕೂಡಲೇ ಓಡಿ ಬರಬೇಕು. "ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟೋವರೆಗೂ ಹೊರಗೆ ಬಿಡಬೇಡಿ," ಎಂದು ಬಾಗಿಲವರೆಗೆ ಬಂದವಳು ಕೇಳಿದಳು: "ಈ ಮಗು ಹತ್ತಿರ ಯಾರಾದ್ರೂ ಬಸುರಿ ಹೆಂಗಸು ಇದ್ರಾ?"

ಹದಿನೇಳಿಗೆ ಕೂಡಲೇ ಒಬ್ಬಳು ನೆನಪಾದಳು. ಕಾಲರ್ ಹೊಲಿಯುವವಳು. ಏಳು ತಿಂಗಳು. ಊಟದ ಬಿಡುವಿನಲ್ಲಿ ಶಿಶುಮನೆಗೆ ಇಳಿದು ಬಂದು, "ನಿನ್ನ ತಂಗಿ ಒಳಗಡೆ ಒದೀತಾಳೆ, ಕೈಯಿಟ್ಟು ನೋಡು," ಎಂದು ಈ ಮಗಳ ಕೈಯನ್ನೇ ತನ್ನ ಹೊಟ್ಟೆಗೆ ಒತ್ತಿಕೊಳ್ಳುವವಳು. ನಿನ್ನೆಯೂ ಬಂದಿದ್ದಳು.

ಮನೆ ಸೇರುವ ಮೊದಲೇ, ದಾರಿಯಲ್ಲೇ ಫೋನ್ ಹಚ್ಚಿದಳು.

"ನಿಂಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತಾ?"

"ಏನಕ್ಕಾ, ಹೀಗೆ ಇದ್ದಕ್ಕಿದ್ದ ಹಾಗೆ! ಗೊತ್ತಿಲ್ಲಪ್ಪ. ಕೇಳೋಣ ಅಂದ್ರೆ ಅಮ್ಮನೂ ಇಲ್ಲ."

"ಹಾಗಾದ್ರೆ ಸೂಜಿ ಕೆಳಗಿಡು. ಇವತ್ತೇ ಆಸ್ಪತ್ರೆಗೆ ಹೋಗು, ನಾಳೆ ಅನ್ನಬೇಡ. ನಿನ್ನೆ ಸಿಡುಬಿನ ಮಗು ಹತ್ತಿರ ಇದ್ದೆ ಅಂತ ಹೇಳು, ರಕ್ತ ಪರೀಕ್ಷೆ ಮಾಡಿಸು."

"ಸಾಹೇಬ್ರು ಬಿಡ್ತಾರಾ?"

"ಹೊಟ್ಟೆಯಲ್ಲಿರೋದು ಸಾಹೇಬ್ರ ಮಗುವಲ್ಲ, ನಿಂದು. ನಡಿ."

ಮರುದಿನ ಒಂದೂವರೆ ವರ್ಷದ ಮಗ ಗುಂಡನ ಮೈಮೇಲೂ ಗುಳ್ಳೆ ಎದ್ದವು. ಗಂಡ ಲಾರಿಯೇರಿ ದೂರದ ದಾರಿಯಲ್ಲಿದ್ದ. ಬರಲು ಇನ್ನೂ ಎಂಟು ದಿನ. ಎರಡು ಕೋಣೆಯ ಮನೆ ಎರಡೇ ದಿನದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ದಿಂಬಿನ ಮೇಲೆ ಕ್ಯಾಲಮೈನ್, ಬಾಗಿಲ ಚಿಲಕದ ಮೇಲೆ ಕ್ಯಾಲಮೈನ್, ಅತ್ತೆಯ ನೆರೆಗೂದಲಲ್ಲೂ ಒಂದು ಗೆರೆ. ಬೆಳಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನ ಸ್ನಾನ. ಉಜ್ಜುವಂತಿಲ್ಲ, ಮೆತ್ತನೆಯ ಬಟ್ಟೆ ಒತ್ತಿ ಒತ್ತಿ ಒರೆಸಬೇಕು. ಗುಂಡನ ಬಾಯೊಳಗೂ ಗುಳ್ಳೆಯೆದ್ದು ಹಾಲು ಕಂಡರೆ ಮುಖ ತಿರುಗಿಸಿದ. ಅವಳು ತಣ್ಣಗಿನ ಹಾಲನ್ನು ಚಮಚದಲ್ಲಿ ಹಿಡಿದು ಕೂತಳು. ಒಂದು ಚಮಚ ಒಳಗೆ, ಒಂದು ಚಮಚ ಅವಳ ಮಡಿಲಿಗೆ. ಮೈಯೆಲ್ಲ ಹಾಲಾದರೂ ಅವಳು ಎದ್ದೇಳಲಿಲ್ಲ. ಬಟ್ಟಲು ಮುಗಿಯಲು ಒಂದು ಗಂಟೆ ಹಿಡಿಯಿತು. ಮುಗಿಯಿತು.

ಕೆರೆದುಕೊಳ್ಳದಂತೆ ಗಂಡನ ಹಳೆಯ ಬನಿಯನ್ ಕತ್ತರಿಸಿ ಕೈಗವಸು ಹೊಲಿದಳು. ಅವಳ ಹೊಲಿಗೆ ಎಂದರೆ ಕೇಳಬೇಕೆ? ಹೊರಗಡೆ ಒಂದು ಎಳೆ ಕಾಣುವಂತಿಲ್ಲ. ತೊಡಿಸಿದ ಕೂಡಲೇ ಗುಂಡ ಮನೆ ಹಾರಿಹೋಗುವಂತೆ ಕಿರುಚಿದ. ತೆಗೆದರೆ ಸುಮ್ಮನೆ, ಹಾಕಿದರೆ ಕಿರುಚಾಟ.

ಅತ್ತೆ ಒಂದು ಗವಸಿನೊಳಗೆ ತನ್ನ ಬೆರಳು ತೂರಿಸಿ ನೋಡಿದಳು. "ಏನೇ ಹದಿನೇಳು, ಅಂದವೆಲ್ಲ ನೋಡೋರಿಗೆ, ಚುಚ್ಚೋದೆಲ್ಲ ಮಗುವಿಗಾ? ತಿರುವಿ ಹಾಕು."

ಒಳಗೆ ಮಡಚಿದ ಅಂಚು ಗರಗಸದ ಹಾಗೆ ಒರಟಾಗಿತ್ತು. ತಿರುವಿ ಹಾಕಿದಳು; ಗುಂಡ ಸುಮ್ಮನಾದ. ಒಂಬತ್ತು ವರ್ಷ ಅಂಗಿಗಳನ್ನು ಹೊರಗಿನಿಂದ ನೋಡಿ ನೋಡಿ ತನ್ನ ಕಣ್ಣಿಗೆ ಎಂಥ ಅಭ್ಯಾಸ ಹಿಡಿದಿದೆ ಎಂದು ಅವಳಿಗೆ ನಾಚಿಕೆಯಾಯಿತು.

ಮಗಳಿಗೆ ಕೈಗವಸು ನಡೆಯುವುದಿಲ್ಲ. ನಾಲ್ಕೂವರೆ ವರ್ಷದವಳು, ಹಲ್ಲಿನಿಂದ ಕಿತ್ತೆಸೆಯುತ್ತಾಳೆ. ಅವಳಿಗಾಗಿ ದೊಡ್ಡ ಕಾಗದದ ಮೇಲೆ ಹುಡುಗಿಯೊಬ್ಬಳ ಚಿತ್ರ ಬರೆದು, ಕೆಲಸದ ಚೀಲದಲ್ಲಿ ಉಳಿದಿದ್ದ ಕೆಂಪು ಬಾಣಗಳ ಪಟ್ಟಿ ಕೈಗಿಟ್ಟಳು. ಎಲ್ಲಿ ತುರಿಸುತ್ತದೋ ಚಿತ್ರದ ಮೇಲೆ ಅಲ್ಲಿಗೆ ಬಾಣ ಅಂಟಿಸಬೇಕು. ಅಮ್ಮ ಆ ಜಾಗಕ್ಕೆ ತಣ್ಣನೆಯ ಬಟ್ಟೆ ಇಡುತ್ತಾಳೆ. ಆಟ ಹಿಡಿಸಿತು. ಸಂಜೆಗೆ ಕಾಗದದ ಹುಡುಗಿ ಮುಳ್ಳುಹಂದಿಯಾಗಿದ್ದಳು.

"ಅಮ್ಮಾ, ಇಷ್ಟೊಂದು ಬಾಣ ಇದ್ರೆ ನಾನು ರಿಜೆಕ್ಟಾ?"

"ಯಾರೇ ಹೇಳಿದ್ದು? ನೀನು ರಿಪೇರಿಗೆ ಬಂದಿದ್ದೀಯ ಅಷ್ಟೆ. ಎಲ್ಲ ಸರಿಯಾದ ಮೇಲೆ ನಾನೇ ಮುದ್ರೆ ಒತ್ತಿ ಕಳಿಸ್ತೀನಿ."

"ಅಲ್ಲಿವರೆಗೂ?"

"ಅಲ್ಲಿವರೆಗೂ ಹೊರಗೆ ಬಿಡಲ್ಲ."

ಶುಕ್ರವಾರ ಸಂಜೆ ಆಯಾ ಬಂದಳು. ಹೊಸಿಲು ದಾಟಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಸೆರಗಿನ ತುದಿ ಹಿಂಡುತ್ತಾ ನಿಂತಳು.

"ಹೇಳಬಾರದು ಅಂತ ಸಾಹೇಬ್ರು ಅಂದಿದ್ರು ಕಣಮ್ಮ. ಎರಡು ವಾರದ ಹಿಂದೆಯೇ ಒಂದು ಮಗುವಿಗೆ ಎದ್ದಿತ್ತು. ಮುಚ್ಚೋಕೆ ಅಂತ ತುಂಬುತೋಳಿನ ಅಂಗಿ ಅವರೇ ತಂದುಕೊಟ್ರು. ಈ ಕೈಯಲ್ಲೇ ಗುಂಡಿ ಹಾಕಿದೆ. ಈಗ ಏಳು ಮಕ್ಕಳು ಮಲಗಿದಾವೆ."

ಹದಿನೇಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಯಾಳ ಮೇಲೆ ರೇಗೋಣವೆಂದು ಬಾಯಿ ತೆರೆದವಳಿಗೆ ಆ ಅಂಗಿ ನೆನಪಾಯಿತು. ಅವಳು ಅದನ್ನು ನೋಡಿದ್ದಳು! ಸುಡುವ ಸೆಕೆಯಲ್ಲಿ, ಮಣಿಕಟ್ಟಿನವರೆಗೂ ಗುಂಡಿ ಹಾಕಿಸಿಕೊಂಡು ಚಾಪೆಯ ಮೂಲೆಯಲ್ಲಿ ಮುದುಡಿ ಕೂತಿದ್ದ ಮಗು. ತನ್ನ ಮಕ್ಕಳನ್ನು ಎತ್ತಿಕೊಳ್ಳುವಾಗ ಅವಳ ಕಣ್ಣು ಆ ಕಡೆ ಹರಿದಿತ್ತು. ಎಡತೋಳಿನ ಪಟ್ಟಿ ಬಲತೋಳಿನದಕ್ಕಿಂತ ಒಂದೆಳೆ ಅಗಲ ಎಂದುಕೊಂಡು, ಅಷ್ಟಕ್ಕೇ ತಿರುಗಿ ಬಂದಿದ್ದಳು. ಅಂಗಿಯೊಳಗೆ ಒಂದು ಮಗು ಇದೆ ಎಂಬುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

"ನೀನೊಬ್ಬಳೇ ಅಲ್ಲ ಬಿಡಮ್ಮ, ನಾನೂ ಕುರುಡಿ," ಎಂದಳು. "ಆದ್ರೆ ನಾಳೆ ಯಾರಾದ್ರೂ ಕೇಳಿದ್ರೆ ಇದನ್ನೇ ಹೇಳ್ತೀಯಾ?"

ಆಯಾ ಹಿಂಡುತ್ತಿದ್ದ ಸೆರಗು ಬಿಟ್ಟಳು. "ನೀನು ಪಕ್ಕದಲ್ಲಿದ್ರೆ ಹೇಳ್ತೀನಿ."

ಆ ರಾತ್ರಿ ಕಾಲರಿನವಳ ಫೋನ್ ಬಂತು. ರಕ್ತದಲ್ಲಿ ರಕ್ಷಣೆ ಇರಲಿಲ್ಲವಂತೆ. ಹೊತ್ತಿಗೆ ಸರಿಯಾಗಿ ಬಂದೆ ಎಂದು ಹೇಳಿ ಔಷಧಿ ಕೊಟ್ಟಿದ್ದಾರಂತೆ, ವಾರಗಟ್ಟಲೆ ಮೈಮೇಲೆ ಕಣ್ಣಿಟ್ಟಿರಬೇಕಂತೆ. "ನೀವು ಹೇಳದೆ ಇದ್ದಿದ್ರೆ ಅಕ್ಕಾ..." ಎಂದಳು.

ಭಾನುವಾರ ಬೆಳಗ್ಗೆ ಮೇಲ್ವಿಚಾರಕನೇ ಬಂದ. ಬಾಯ್ತುಂಬ ನಗು, ಕೈಯಲ್ಲಿ ಒಂದು ಪೊಟ್ಟಣ, ಇನ್ನೊಂದರಲ್ಲಿ ಮಡಚಿದ ಕಾಗದ.

"ಹೇಗಿದಾರಮ್ಮ ನಮ್ಮ ಮಕ್ಕಳು? ಅಬ್ಬಾ, ಓಡಾಡ್ತಿದಾರೆ! ಆಯ್ತಲ್ಲ ಹಾಗಾದ್ರೆ. ನಾಳೆ ಕರ್ಕೊಂಡು ಬಾ."

"ನಾಳೆ ಏನು ವಿಶೇಷ ಸಾರ್?"

"ಸರಕು ಕೊಳ್ಳೋ ಕಂಪನಿಯವರು ಶಿಶುಮನೆ ನೋಡೋಕೆ ಬರ್ತಿದಾರೆ. ಗೋಡೆಗೆ ಹೊಸ ಬಣ್ಣ, ಹೊಸ ಆಟಿಕೆ, ಎಲ್ಲ ರೆಡಿ. ಮಕ್ಕಳೇ ಇಲ್ಲ ಅಂದ್ರೆ ಏನು ಚೆನ್ನ ಹೇಳು?" ಪೊಟ್ಟಣ ಬಿಚ್ಚಿದ. ಎರಡು ಪುಟ್ಟ ಅಂಗಿಗಳು, ತುಂಬುತೋಳಿನವು. "ಇದು ಕಾರ್ಖಾನೆ ಕಡೆಯಿಂದ. ಇಲ್ಲೊಂದು ಸಹಿ ಹಾಕಿಬಿಡು."

ಅವಳು ಕಾಗದ ಓದಿದಳು. ಮಕ್ಕಳಿಗೆ ಎದ್ದದ್ದು ಬೆವರುಗುಳ್ಳೆ, ಮನೆಯಲ್ಲೇ ಶುರುವಾದದ್ದು, ಈಗ ಪೂರ್ತಿ ವಾಸಿ.

"ಬೆವರುಗುಳ್ಳೆನಾ?" ಎಂದಳು ಅತ್ತೆ ಮೂಲೆಯಿಂದ. "ನನ್ನ ಹಣೆ ಮೇಲೆ ಇರೋದೂ ಬೆವರುಗುಳ್ಳೆನೇ ಇರಬೇಕು. ಅರವತ್ತು ವರ್ಷದಿಂದ ಬೆವರ್ತಿದೀನಿ."

ಅವನು ನಗಲಿಲ್ಲ. ದನಿ ತಗ್ಗಿಸಿದ. "ನೋಡು, ಕಾಲರಿನವಳಿಗೆ ಫೋನ್ ಮಾಡಿ ತಲೆ ಕೆಡಿಸಿದ್ದು ನೀನು ಅಂತ ಗೊತ್ತು. ಅದನ್ನೂ ಮರೆತುಬಿಡ್ತೀನಿ. ನಾಳೆ ಎಂಟು ಗಂಟೆಗೆ ಎರಡೂ ಮಕ್ಕಳು ಅಲ್ಲಿರಬೇಕು. ಇಲ್ಲಾಂದ್ರೆ ಹದಿನೇಳರ ಮುದ್ರೆ ಇನ್ಯಾರದೋ ಕೈಗೆ ಹೋಗುತ್ತೆ. ಆಮೇಲೆ ನನ್ನ ಕೇಳಬೇಡ."

ಅವಳು ಗುಂಡನನ್ನು ಎತ್ತಿ ಕಿಟಕಿಯ ಬಳಿ ತಂದು ಮೇಲ್ವಿಚಾರಕನ ಎದುರಿಗೇ ನೋಡತೊಡಗಿದಳು. ಕತ್ತು, ಒಣಗಿದೆ. ಬೆನ್ನು, ಹಕ್ಕಳೆ. ಕಂಕುಳು, ಹಕ್ಕಳೆ. ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. ಅವಳು ತೊಡೆಯ ಸಂದು ಬಿಡಿಸಿದಳು, ಕಾಲ್ಬೆರಳುಗಳನ್ನು ಒಂದೊಂದಾಗಿ ಅಗಲಿಸಿದಳು. ಎಡಗಾಲಿನ ಕಿರುಬೆರಳ ಬುಡದಲ್ಲಿ ಎರಡು ಗುಳ್ಳೆಗಳು ಇನ್ನೂ ನೀರು ತುಂಬಿಕೊಂಡು ಹೊಳೆಯುತ್ತಿದ್ದವು.

"ಮಗಳೇ, ಎರಡು ಬಾಣ ಕೊಡು."

ಮಗಳು ಓಡಿಬಂದು ಪಟ್ಟಿ ಕೊಟ್ಟಳು. ಅವಳು ಒಂದನ್ನು ಕಾಗದದಲ್ಲಿದ್ದ 'ಬೆವರುಗುಳ್ಳೆ'ಯ ಮೇಲೆ ಅಂಟಿಸಿದಳು. ಇನ್ನೊಂದನ್ನು 'ವಾಸಿ'ಯ ಮೇಲೆ. ಅಂಗಿಗಳನ್ನು ತಿರುವಿ, ಒಳಗಿನ ಅಂಚುಗಳ ಮೇಲೆ ಹೆಬ್ಬೆರಳು ಎಳೆದು ನೋಡಿ, ಮತ್ತೆ ನೀಟಾಗಿ ಮಡಚಿ, ಕಾಗದವನ್ನು ಅವುಗಳ ಮೇಲಿಟ್ಟು ಅವನ ಕೈಗೆ ಕೊಟ್ಟಳು.

"ನಾಳೆ ನಾನು ಬರ್ತೀನಿ ಸಾರ್. ಮಕ್ಕಳನ್ನ ಅತ್ತೆ ನೋಡ್ಕೋತಾರೆ. ಆಯಾ, ನಾನು, ಮನೇಲಿ ಮಲಗಿರೋ ಉಳಿದ ಮಕ್ಕಳ ತಾಯಂದಿರು, ಎಲ್ಲ ಬಾಗಿಲಲ್ಲೇ ನಿಂತಿರ್ತೀವಿ. ನೋಡೋಕೆ ಬಂದೋರಿಗೆ ಚಾಪೆ ಯಾಕೆ ಖಾಲಿ ಅಂತ ನಾವೇ ಹೇಳ್ತೀವಿ."

"ಅಂದ್ರೆ? ಸಹಿ ಹಾಕಲ್ವಾ?"

"ಅಂಗಿ ಚೆನ್ನಾಗಿದೆ," ಎಂದಳು ಹದಿನೇಳು. "ಒಳಗೆ ತುಂಬೋಕೆ ನನ್ನ ಮಕ್ಕಳನ್ನ ಕೊಡಲ್ಲ."