ಲಾಂಬ್ರೋಸನ ನಲವತ್ತು ಟ್ಯಾಂಕುಗಳು

ಲಾಂಬ್ರೋಸನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಪೀಲಿಯೋ ಬೆಟ್ಟದ ಇಳಿಜಾರಿನಲ್ಲಿ ಮೋಟಾರುಬೈಕಿನಿಂದ ಬಿದ್ದು ತಲೆ ಒಡೆದುಕೊಂಡಿದ್ದ. ತಲೆ ಕೂಡಿಕೊಂಡಿತು, ಮೂಗು ಸತ್ತಿತು. ಮೂಗಿನ ಜೊತೆ ರುಚಿಯೂ ಹೋಯಿತು. ಉಪ್ಪು, ಸಿಹಿ, ಹುಳಿ, ಕಹಿ ಬಿಟ್ಟರೆ ಬೇರೇನೂ ಅವನ ನಾಲಿಗೆಗೆ ಸಿಗುತ್ತಿರಲಿಲ್ಲ.

"ತಳ ಹಿಡಿದ ಬೇಳೆ ಬಡಿಸಿದ್ರೂ ತಟ್ಟೆ ನೆಕ್ಕಿ ಏಳ್ತಾನೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ದೇವರು ನನ್ನ ಕಡೆ ನೋಡ್ದ" ಎಂದು ಅವನ ಹೆಂಡತಿ ಸ್ತಮಾತಿಯಾ ಎಲ್ಲರೆದುರೂ ಹೇಳುತ್ತಿದ್ದಳು.

ಇಂಥವನು ವೇಪ್ ಟ್ಯಾಂಕ್, ಅಂದರೆ ಎಲೆಕ್ಟ್ರಾನಿಕ್ ಸಿಗರೇಟಿಗೆ ರುಚಿಯ ಲಿಕ್ವಿಡ್ ತುಂಬುವ ಬುರುಡೆ, ಮಾಡುತ್ತಿದ್ದ. ಕಾರ್ಖಾನೆಯಿಂದ ಬರುವ, ಒಳಗಿನ ಸುರುಳಿ ಸುಟ್ಟಾಗ ಎಸೆದು ಹೊಸದು ಹಾಕುವ ಜಾತಿಯದಲ್ಲ. ನಮ್ಮ ವೋಲೋಸ್ ಊರಿನ ಗಂಡಸರಿಗೆ ಹುಚ್ಚು ಹಿಡಿಸಿದ್ದು ಇನ್ನೊಂದು ಜಾತಿ: ತಂತಿಯನ್ನು ತಾವೇ ಸುರುಳಿ ಸುತ್ತಿ, ಎರಡು ಸ್ಕ್ರೂಗೆ ಬಿಗಿದು, ನಡುವೆ ಹತ್ತಿ ತೂರಿಸಿ, ಹತ್ತಿಯ ಎರಡು ಬಾಲಗಳನ್ನು ಕಾಲುವೆಗಳೊಳಗೆ ಇಳಿಬಿಡಬೇಕು. ಆ ಕಾಲುವೆಗಳಿಂದ ಲಿಕ್ವಿಡ್ ಮೇಲೇರುತ್ತದೆ, ಕೆಳಗಿನ ತೂತಿನಿಂದ ಗಾಳಿ ಬರುತ್ತದೆ. ಹತ್ತಿ ಹೆಚ್ಚಾದರೆ ಲಿಕ್ವಿಡ್ ಏರದೆ ಒಣಹತ್ತಿ ಸುಟ್ಟು ಗಂಟಲು ಹರಿಯುತ್ತದೆ. ಕಡಿಮೆಯಾದರೆ ಗಾಳಿಯ ತೂತಿನಿಂದ ಎಲ್ಲ ಜೇಬಿಗೆ ಸೋರುತ್ತದೆ. ಮನೆಯಲ್ಲಿ ಬಲ್ಬ್ ಬದಲಿಸಲು ಹೆಂಡತಿಯಿಂದ ಆರು ಸಲ ಹೇಳಿಸಿಕೊಳ್ಳುವ ಗಂಡಸು, ಕನ್ನಡಕ ಏರಿಸಿ, ಚಿಮಟ ಹಿಡಿದು, ಇದಕ್ಕೆ ಒಂದು ಗಂಟೆ ಕೊಡುತ್ತಾನೆ.

ಒಂಬತ್ತು ವರ್ಷದಿಂದ ಲಾಂಬ್ರೋಸ್ ತನ್ನ ಲೇತ್‌ನಲ್ಲಿ ಇವನ್ನು ಕಡೆದು ಅಥೆನ್ಸಿನ ಒಬ್ಬನಿಗೆ ಕಳಿಸುತ್ತಿದ್ದ. ತಳದಲ್ಲಿ ಅಥೆನ್ಸಿನವನ ಗೂಬೆಯ ಗುರುತು. ಅವನ ಹತ್ತಿರ ಒಂದು ಪಟ್ಟಿ ಇತ್ತು. ಜರ್ಮನಿ, ಇಟಲಿಯ ಗಂಡಸರು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಗೂಬೆ ಎಲ್ಲಿ ಹುಟ್ಟುತ್ತದೆ ಎಂದು ಅವರ್ಯಾರಿಗೂ ಗೊತ್ತಿರಲಿಲ್ಲ. ಅರವತ್ತೆರಡನೆಯ ವಯಸ್ಸಿಗೆ ಲಾಂಬ್ರೋಸನಿಗೆ ತನ್ನದೇ ಗುರುತು ಬೇಕೆನ್ನಿಸಿತು. ತನ್ನ ಹೆಸರಿನ ಮೊದಲ ಅಕ್ಷರ ಲಾಮ್ದಾ, ಗುಡಾರದ ಹಾಗೆ ಎರಡು ಗೀರು. ಅಥೆನ್ಸಿನವನು ಫೋನಿನಲ್ಲಿ ನಕ್ಕು ಷರತ್ತು ಹಾಕಿದ: "ನಲವತ್ತು ಮಾಡು. ನಿಮ್ಮೂರಲ್ಲೇ ಮಾರು. ಜನ ಇಟ್ಕೊಂಡ್ರೆ ನಿನ್ ಗುರುತೂ ನನ್ ಪಟ್ಟಿಗೆ ಬರುತ್ತೆ. ವಾಪಸ್ ಬಂದ್ರೆ ಬಾಯ್ಮುಚ್ಕೊಂಡು ಗೂಬೆ ಕಡೀತಾ ಇರು."

ನಾನು ಬಂದರಿನ ಹತ್ತಿರದ ವೇಪ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರು ಮಿರ್ಸಿನಿ. ಯಾರಿಗೆ ಯಾವ ಟ್ಯಾಂಕ್ ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಸಿಗರೇಟಿನಿಂದ ಬಂದವರಿಗೆ ಬಿಗಿ ಎಳೆತ ಬೇಕು, ದಪ್ಪ ಮೊಸರನ್ನು ಸ್ಟ್ರಾದಲ್ಲಿ ಎಳೆದ ಹಾಗೆ. ಹೊಗೆಯ ಮೋಡ ಬಿಡುವವರಿಗೆ ಕಿಟಕಿ ತೆರೆದಷ್ಟು ಗಾಳಿ ಬೇಕು. ಉಳಿದವರಿಗೆ ಪಕ್ಕದ ಮನೆಯವನ ಹತ್ತಿರ ಇರುವುದಕ್ಕಿಂತ ಒಂದು ಕೈ ಮೇಲಿನದು ಬೇಕು; ಅವರಿಂದಲೇ ಅಂಗಡಿ ನಡೆಯುತ್ತದೆ. ಹತ್ತಿ ತುಂಬುವುದರಲ್ಲಿ ಊರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಪ್ಪನಿಗೆ ಈ ಸಾಧನೆಯನ್ನು ಇನ್ನೂ ತಿಳಿಸಿಲ್ಲ.

ಹೀಗಾಗಿ ಲಾಂಬ್ರೋಸನ ನಾಲಿಗೆ ನಾನಾದೆ. ಐದು ತಿಂಗಳು ಪ್ರತಿ ಶನಿವಾರ ಬೆಳಿಗ್ಗೆ ನೇಆ ಇಯೋನಿಯಾ ಬಡಾವಣೆಯ ಅವನ ಶೆಡ್ಡಿಗೆ ಹೋಗುತ್ತಿದ್ದೆ. ಅವನು ಹೊಸ ಮಾದರಿಯನ್ನು ಬಟ್ಟೆಯಲ್ಲಿ ಒರೆಸಿ ಮುಂದಿಡುತ್ತಿದ್ದ. ನಾನು ಸುರುಳಿ ಕಟ್ಟಿ, ಹತ್ತಿ ತುಂಬಿ, ಅಂಜೂರದ ಲಿಕ್ವಿಡ್ ಹಾಕಿ ಎಳೆಯುತ್ತಿದ್ದೆ. ಅವನು ನನ್ನ ಬಾಯನ್ನು ಹಲ್ಲಿನ ಡಾಕ್ಟರಂತೆ ನೋಡುತ್ತಾ ಕೂರುತ್ತಿದ್ದ.

"ಏನ್ ಅನ್ಸುತ್ತೆ?"

"ಅಂಜೂರ."

"ಅಂಜೂರ ಅಂತ ಬಾಟ್ಲಿ ಮೇಲೇ ಬರ್ದಿದೆ ಕಣೇ. ಹಣ್ಣೋ, ಜಾಮೋ?"

"ಜಾಮು, ಬಾರ್ಬಾ. ಗಾಳಿ ಜಾಸ್ತಿಯಾಯ್ತು."

ಊರಿನ ಹಿರಿಯರನ್ನು ನಾವು ಬಾರ್ಬಾ ಅನ್ನುತ್ತೇವೆ. ಅವನು ಬರೆದುಕೊಳ್ಳುತ್ತಿದ್ದ. ಮುಂದಿನ ವಾರಕ್ಕೆ ಗಾಳಿಯ ತೂತು ಒಂದು ಕೂದಲಿನಷ್ಟು ಕಿರಿದಾಗಿರುತ್ತಿತ್ತು. ಸ್ತಮಾತಿಯಾ ಕಾಫಿ ತಂದಿಡುತ್ತಾ, "ಇವಳ ಬಾಯಿ ನೋಡ್ದಷ್ಟು ನನ್ ಮುಖ ನೋಡಿದ್ರೆ ಇನ್ನೆರಡು ಮಕ್ಕಳಾಗ್ತಿದ್ವು" ಎನ್ನುತ್ತಿದ್ದಳು. ಅವನು ತಲೆ ಎತ್ತದೆ, "ಇರೋ ಒಬ್ನೇ ಸಾಕು, ಅವ್ನೂ ಫೋನ್ ಮಾಡಲ್ಲ" ಎನ್ನುತ್ತಿದ್ದ.

ನಾಲ್ಕನೆಯ ತಿಂಗಳಲ್ಲಿ ನಾನು ಹೇಳಿದೆ: "ಒಂದೇ ಸಮ ನಾಲ್ಕೈದು ಸಲ ಎಳೆದ್ರೆ ಒಣಗುತ್ತೆ. ಸುಟ್ಟ ವಾಸನೆ ಬರುತ್ತೆ."

ಅವನಿಗೆ ಸುಟ್ಟ ವಾಸನೆ ಎಂದರೆ ನನ್ನ ಮುಖದ ಒಂದು ಆಕಾರ, ಅಷ್ಟೆ. ಆ ಆಕಾರ ಅವನಿಗೆ ಇಷ್ಟವಾಗಲಿಲ್ಲ. ಕಾಲುವೆಗಳನ್ನು ಮಿಲಿಮೀಟರಿನ ಹತ್ತನೇ ಎರಡರಷ್ಟು ಅಗಲ ಮಾಡಿದ. ಮುಂದಿನ ಶನಿವಾರ ನಾನು ಎಂದಿನಷ್ಟೇ ಹತ್ತಿ ತೂರಿಸಿದೆ. ಬಾಲಗಳು ಕಾಲುವೆಯಲ್ಲಿ ಸಡಿಲವಾಗಿ ನಿಂತವು. ಅವನ್ನು ಎಳೆದು ಬಿಸಾಕಿ, ಸ್ವಲ್ಪ ದಪ್ಪ ಪಟ್ಟಿ ತೆಗೆದುಕೊಂಡು, ತುದಿಯನ್ನು ಸೂಜಿಯಿಂದ ಬಾಚಿ, ಕೆಳಗೆ ಒಂದು ಮಡಿಕೆ ಹಾಕಿ ಕೂರಿಸಿದೆ. ಇಪ್ಪತ್ತು ಸೆಕೆಂಡಿನ ಕೆಲಸ. ಎಳೆದೆ. ಅಂಜೂರ ಬಂತು, ಸಿಪ್ಪೆ, ಬೀಜ, ಮರದ ನೆರಳು ಎಲ್ಲ ಬಂತು.

"ಒಣಗ್ತಾ?"

"ಇಲ್ಲ."

"ಸೋರ್ತಾ?"

ಟ್ಯಾಂಕನ್ನು ಬಿಳಿ ಕಾಗದದ ಮೇಲೆ ಮಲಗಿಸಿ ಒಂದು ಗಂಟೆ ಬಿಟ್ಟೆವು. ಕಾಗದ ಬಿಳಿಯಾಗಿಯೇ ಇತ್ತು.

"ಇಲ್ಲ, ಬಾರ್ಬಾ."

ಮಡಿಕೆಯ ವಿಷಯ ನಾನು ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ. ಅದು ಹೇಳಬೇಕಾದ ಮಾತು ಅಂತಲೇ ಅನ್ನಿಸಲಿಲ್ಲ. ಅಂಗಡಿ ಕಟ್ಟಿಕೊಟ್ಟವನಿಗೆ ಬೀಗ ಹಾಕುವಾಗ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿಯುತ್ತೇವೆಂದು ಯಾರು ಹೋಗಿ ಹೇಳುತ್ತಾರೆ? ಅವನು ಸ್ವತಃ ಎಂದೂ ಹತ್ತಿ ತುಂಬಿ ನೋಡಿರಲಿಲ್ಲ. ರುಚಿ ಹತ್ತದವನು ಯಾಕೆ ತುಂಬುತ್ತಾನೆ?

ಆರು ವಾರದಲ್ಲಿ ನಲವತ್ತು ಕಡೆದ. ಒಂದನ್ನು ನನಗೆ ಕೊಟ್ಟ. ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾವು ಸದಾ ಸೇರುವ, ತ್ಸಿಪೂರೋ ಎಂಬ ದ್ರಾಕ್ಷಿ ಸಾರಾಯಿಯ ಅಂಗಡಿಯ ಹೊರಗೆ ಮೂರು ಮೇಜು ಜೋಡಿಸಿದರು. ಒಂದೊಂದು ಸುತ್ತು ತ್ಸಿಪೂರೋ ಬಂದಾಗಲೂ ಹೊಸ ತಟ್ಟೆ ಬಂತು: ಸುಟ್ಟ ಆಕ್ಟೋಪಸ್, ಹುರಿದ ಬಂಗುಡೆಮರಿ, ಉಪ್ಪಿನಲ್ಲಿಟ್ಟ ಕಾಡುಚಿಗುರು. ತಟ್ಟೆಗಳ ನಡುವೆ ಲಾಂಬ್ರೋಸ್ ಸಣ್ಣ ಮರದ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ಕೊಟ್ಟ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಪ್ರತಿಯೊಬ್ಬನೂ ಮೊದಲು ತಿರುಗಿಸಿ ತಳದ ಲಾಮ್ದಾ ನೋಡಿದ. ಫಾದರ್ ಗೆರ್ವಾಸಿಯೋಸ್ ಕೂಡ ಒಂದು ಕೊಂಡರು. ಅವರು ಬಂದರಿನ ಹಿಂದಿನ ಚರ್ಚಿನ ಪಾದ್ರಿ, ದಿನಕ್ಕೆ ಮೂರು ಪ್ಯಾಕ್ ಸಿಗರೇಟು ಬಿಟ್ಟು ನನ್ನ ಗಿರಾಕಿಯಾದವರು.

"ಇದನ್ನ ಆಶೀರ್ವಾದ ಮಾಡ್ಲಾ, ಲಾಂಬ್ರೋ?" ಎಂದು ಕೇಳಿದರು.

"ಬೇಡ ಫಾದರ್. ನನ್ ಬೈಕಿಗೂ ನೀವೇ ಮಾಡಿದ್ದು."

ಭಾನುವಾರ ಯಾರ ಫೋನೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಇಬ್ಬರು ನಿಂತಿದ್ದರು, ಇಬ್ಬರ ಪ್ಯಾಂಟಿನ ಬಲ ಜೇಬಿನ ಕೆಳಗೆ ಎಣ್ಣೆಯ ನಕ್ಷೆ. ಹತ್ತಿ ಕಡಿಮೆ ಹಾಕಿದ್ದೀರಿ ಎಂದು ಬಯ್ದು, ನಾನೇ ತುಂಬಿ ಕೊಟ್ಟೆ. ಸೋರಲಿಲ್ಲ. ಒಂದು ವಾರ ಕಳೆದು ಅವರು ಹತ್ತಿ ಬದಲಿಸಿದಾಗ ಮತ್ತೆ ಸೋರಿತು. ಅಷ್ಟರಲ್ಲಿ ಹದಿನಾಲ್ಕು ಜನ ಬಂದು ಹೋಗಿದ್ದರು. ಒಬ್ಬ ತಂಗಿಯ ಮದುವೆಗೆ ಬಿಳಿ ಪ್ಯಾಂಟು ಹಾಕಿ ಹೋಗಿದ್ದ. ಫೋಟೋಗಳಲ್ಲೆಲ್ಲ ಬಲಗೈಯನ್ನು ಒಂದೇ ಕಡೆ ಇಟ್ಟುಕೊಂಡು ನಿಂತಿದ್ದಾನೆ.

ಫಾದರ್ ಎರಡನೆಯ ವಾರದ ಬುಧವಾರ ಬಂದರು. ಬಾಗಿಲು ಮುಚ್ಚು ಎಂದರು.

"ನಿಲುವಂಗಿ ಜೇಬಲ್ಲಿತ್ತು. ದೀಪ ಹಚ್ಚೋಕೆ ದೇವಮಾತೆಯ ಐಕನ್ ಪಟದ ಮುಂದೆ ಬಗ್ಗಿದೀನಿ. ಇಡೀ ಚರ್ಚು ಅಂಜೂರ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಮೂರು ಜನ ಮುದುಕೀರು ಮಂಡಿಯೂರಿದ್ರು. ಮಾತೆಯ ಐಕನ್ ಸುಗಂಧ ಸುರಿಸ್ತಿದೆ ಅಂತ. ಒಬ್ಬಳು ಹತ್ತಿಯಿಂದ ನೆಲ ಒರೆಸ್ಕೊಂಡು ಮೊಮ್ಮಗನ ಮೊಣಕಾಲಿಗೆ ಹಚ್ಚಿದಾಳೆ."

"ನೀವೇನಂದ್ರಿ?"

"ನಾನೇನನ್ಲಿ, ಮಗಳೇ? ಮೊಣಕಾಲು ವಾಸಿಯಾಗಿದೆಯಂತೆ. ಬಿಷಪ್ ಕಚೇರಿಯಿಂದ ನಾಳೆ ಬರ್ತಾರಂತೆ. ಈ ದರಿದ್ರದ್ದನ್ನ ವಾಪಸ್ ತಗೋ."

ಆ ಶನಿವಾರ ಲಾಂಬ್ರೋಸ್ ಎಲ್ಲರನ್ನೂ ಅದೇ ಮೇಜಿಗೆ ಕರೆದ. ಹನ್ನೊಂದು ಜನ ಬಂದರು. ಅವನು ಕುಡಿಯಲಿಲ್ಲ. ಹೊಸ ಹತ್ತಿಯ ಕಟ್ಟು ಮಧ್ಯದಲ್ಲಿಟ್ಟು, "ತುಂಬಿ. ನಾನು ನೋಡ್ಬೇಕು" ಎಂದ.

ಒಂಬತ್ತು ವರ್ಷ ಟ್ಯಾಂಕ್ ಮಾಡಿದವನು ಜನ ಅದನ್ನು ಹೇಗೆ ಕಟ್ಟುತ್ತಾರೆಂದು ಅವತ್ತೇ ಮೊದಲ ಸಲ ನೋಡಿದ್ದು. ದಪ್ಪ ಬೆರಳು, ಮಂಜು ಕಣ್ಣು. ಒಬ್ಬ ಬಾಲವನ್ನು ಮೀನು ತಿಂದ ಚಾಕುವಿನಿಂದಲೇ ಕತ್ತರಿಸಿದ. ಇನ್ನೊಬ್ಬ ಉಗುರಿನಿಂದ ಒತ್ತಿದ. ಹತ್ತಿ ತುಂಬಾ ಹಾಕಿದರೆ ಸುಡುತ್ತದೆ ಎಂಬ ಭಯ ಎಲ್ಲರಿಗೂ ಇತ್ತು, ಆದ್ದರಿಂದ ಎಲ್ಲರೂ ಎಂದಿನಷ್ಟೇ ಹಾಕಿದರು. ಬೇರೆ ಯಾವ ಟ್ಯಾಂಕಿಗಾದರೂ ಅಷ್ಟು ಸಾಕಾಗುತ್ತಿತ್ತು. ಹನ್ನೊಂದು ಟ್ಯಾಂಕುಗಳನ್ನು ಮೇಜಿನ ಮೇಲೆ ಹಾಸಿದ ಬಿಳಿ ಕಾಗದದ ಮೇಲೆ ಸಾಲಾಗಿ ಮಲಗಿಸಿದರು. ಎರಡನೆಯ ತಟ್ಟೆ ಬರುವ ಮೊದಲು ಹತ್ತರ ಕೆಳಗೆ ಕಲೆ ಮೂಡಿತು.

"ಹನ್ನೊಂದನೇದು?" ಎಂದು ಲಾಂಬ್ರೋಸ್ ಕೇಳಿದ.

"ಅದಕ್ಕೆ ನಾನು ಲಿಕ್ವಿಡ್ ಹಾಕೋದು ಮರ್ತೆ" ಎಂದ ಅದರ ಯಜಮಾನ.

ಯಾರೋ ನಕ್ಕರು. ಲಾಂಬ್ರೋಸ್ ಒಂದನ್ನು ಬಿಚ್ಚಿ, ಒರೆಸಿ, ನನ್ನ ಮುಂದಿಟ್ಟ. "ಈಗ ನೀನು. ನಿಧಾನಕ್ಕೆ."

ನಿಧಾನವಾಗಿ ತುಂಬಿದೆ. ದಪ್ಪ ಪಟ್ಟಿ, ಬಾಚುವುದು, ಮಡಿಕೆ. ಮಡಿಕೆ ಹಾಕುವಾಗ ಅವನು ನನ್ನ ಮಣಿಕಟ್ಟು ಹಿಡಿದ.

"ಇದೇನು?"

"ಮಡಿಕೆ."

"ಯಾವಾಗಿಂದ?"

"ನೀನು ಕಾಲುವೆ ಅಗಲ ಮಾಡಿದಾಗಿಂದ."

ಅವನು ಮಣಿಕಟ್ಟು ಬಿಟ್ಟ. ಬಯ್ಯುತ್ತಾನೆಂದು ಕಾದೆ, ಬಯ್ದಿದ್ದರೆ ಒಳ್ಳೆಯದಿತ್ತು. "ಐದು ತಿಂಗಳು ನಾನು ಟ್ಯಾಂಕ್ ಪರೀಕ್ಷೆ ಮಾಡ್ತಿದೀನಿ ಅನ್ಕೊಂಡಿದ್ದೆ. ನಿನ್ನನ್ನ ಪರೀಕ್ಷೆ ಮಾಡ್ತಿದ್ದೆ. ನೀನು ಪಾಸು" ಎಂದ.

"ಬಾರ್ಬಾ, ಎಲ್ರಿಗೂ ಮಡಿಕೆ ಹಾಕೋದು ಹೇಳ್ಕೊಡ್ತೀನಿ. ಒಂದು ವಿಡಿಯೋ ಮಾಡಿದ್ರಾಯ್ತು."

"ಇವರಿಗಾ?" ಚಾಕು ಹಿಡಿದವನ ಕಡೆ ನೋಡಿದ. ಚಾಕು ಹಿಡಿದವನು ಬೇಜಾರು ಮಾಡಿಕೊಳ್ಳದೆ ಇನ್ನೊಂದು ಮೀನು ತೆಗೆದುಕೊಂಡ.

"ಹಾಗಾದ್ರೆ ಕಾಲುವೆ ಒಳಗೆ ಸಣ್ಣ ಬಳೆ ಕೂರಿಸು. ಅಳತೆ ಸರಿಹೋಗುತ್ತೆ."

"ತೇಪೆ ಹಾಕಿದ್ದಕ್ಕೆ ನನ್ ಗುರುತಾ? ಕೊರೆದಿದ್ದು ಕೊರೆದಾಯ್ತು ಕಣೇ. ಉಕ್ಕು ಮತ್ತೆ ಬೆಳೆಯಲ್ಲ."

ಸ್ತಮಾತಿಯಾ ಆವತ್ತು ಅವನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಬಾಯಿಗೆ ಬಂದ ತಮಾಷೆಯನ್ನು ಅವಳು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುರ್ಚಿ ಎಳೆದುಕೊಂಡು, ಅವನಿಗೆ ಒಂದು ಲೋಟ ಸುರಿದು, "ಕುಡಿ. ರುಚಿ ಇಲ್ದಿದ್ರೂ ತಲೆಗೆ ಏರುತ್ತಲ್ಲ" ಎಂದಳು.

ಅಥೆನ್ಸಿನವನಿಗೆ ಸುದ್ದಿ ಯಾರು ಮುಟ್ಟಿಸಿದರೋ, ಸೋಮವಾರವೇ ಫೋನ್ ಬಂತು. ಬಯ್ಯಲಿಲ್ಲ. ಗಾಳಿಯ ದಾರಿ ಬಹಳ ಚೆನ್ನಾಗಿದೆಯಂತೆ, ರುಚಿ ಯಾರಲ್ಲೂ ಇಲ್ಲದ್ದಂತೆ. ಕಾಲುವೆಯನ್ನು ಹತ್ತನೇ ಒಂದರಷ್ಟು ಕಿರಿದು ಮಾಡಿ ಅರವತ್ತು ಕಡೆದು ಕಳಿಸು ಎಂದ. ಗೂಬೆ ಹಾಕಿ.

ಲಾಂಬ್ರೋಸ್ ಎಲ್ಲರ ಹಣ ವಾಪಸ್ ಕೊಟ್ಟ. ಮರಳಿ ಬಂದದ್ದನ್ನು ಒಂದೊಂದಾಗಿ ಲೇತಿಗೆ ಕಚ್ಚಿಸಿ, ತಳದಿಂದ ಶುರುಮಾಡಿ, ಸಿಬಿರು ಮಾಡಿದ. ನಾನು ಮೂರು ಶನಿವಾರ ಹೋಗಿ ಆ ಸಿಬಿರು ಗುಡಿಸಿದೆ. ಆಗಸ್ಟಿನಲ್ಲಿ ಅರವತ್ತು ಗೂಬೆಗಳು ಅಥೆನ್ಸಿಗೆ ಹೋದವು. ಅವನ್ನು ಪರೀಕ್ಷೆ ಮಾಡಿದ್ದು ಮೀನಿನ ಚಾಕುವಿನವನು. ಅವು ಸೋರುವುದಿಲ್ಲ.

ಲಾಮ್ದಾ ಗುರುತಿನವು ನಲವತ್ತು ಇದ್ದವು. ಒಂದು ನನ್ನ ಹತ್ತಿರ ಇದೆ. ಒಂದನ್ನು ಪಕ್ಕದ ಲಾರಿಸಾ ಊರಿನವನೊಬ್ಬ ಪೆಟ್ಟಿಗೆಯನ್ನೇ ತೆರೆಯದೆ ಬೀರುವಿನಲ್ಲಿಟ್ಟಿದ್ದಾನೆ. ಒಂದನ್ನು ಮದುವೆಗೆ ಹೋದವನು ಬಂದರಿನಲ್ಲಿ ನಿಂತು ನೀರಿಗೆಸೆದ. ಮೂವತ್ತೇಳು ಸಿಬಿರಾದವು. ನೀರಿಗೆ ಬಿದ್ದದ್ದೂ ಸೇರಿ ಹೋದದ್ದು ಒಟ್ಟು ಮೂವತ್ತೆಂಟು.