ಹಾರ ಬಿದ್ದ ತಟ್ಟೆ

ಪ್ರೊಫೆಸರ್ ಸದಾಶಿವಪ್ಪನವರು ರೇಷ್ಮೆ ಹುಳುವಿನ ಮೇಲೆ ಒಂದು ದಪ್ಪ ಪುಸ್ತಕ ಬರೆದಿದ್ದರು. ಹುಳುಮನೆಗೆ ಕಾಲಿಡುವ ಮೊದಲು ಕೈಕಾಲು ತೊಳೆಯಬೇಕು, ಹೊಗೆಸೊಪ್ಪು ಹಾಕಿದ ಬಾಯಲ್ಲಿ ಒಳಗೆ ಬರಬಾರದು, ಔಷಧಿ ಹೊಡೆದ ಹೂವಾಗಲಿ ಸೊಪ್ಪಾಗಲಿ ಹುಳುವಿನ ಹತ್ತಿರ ಸುಳಿಯಬಾರದು ಎಂದು ಹೇಳಲು ಅದರಲ್ಲಿ ಒಂದಿಡೀ ಅಧ್ಯಾಯವೇ ಇತ್ತು. ಪ್ರತಿ ವರ್ಷ ಪರೀಕ್ಷೆಗೆ ಅದರಿಂದ ಒಂದು ಪ್ರಶ್ನೆ. ಬರೆಯದವನು ಫೇಲು. ಬರೆದವನು ಪಾಸಾಗಿ ಸಾಹೇಬರ ಬಳಗ ಸೇರುತ್ತಿದ್ದ. ಸೇರಿದ ಮೇಲೆ ಆ ಅಧ್ಯಾಯವನ್ನು ಮರೆಯುವುದೇ ಅವನ ಮೊದಲನೇ ಸಂಶೋಧನೆ.

ಪವಿತ್ರ ಆ ಬಳಗಕ್ಕೆ ಬಂದದ್ದು ೧೯೯೮ರಲ್ಲಿ. ಕೊಳ್ಳೇಗಾಲದ ಹೊರಗೆ, ಯಳಂದೂರು ರಸ್ತೆಯ ಪಕ್ಕದಲ್ಲಿದ್ದ ರೇಷ್ಮೆ ಸಂಶೋಧನಾ ವಿಭಾಗದಲ್ಲಿ ಪಿಎಚ್‌ಡಿ ಸಂದರ್ಶನ ನಡೆದಿತ್ತು. ಮೇಜಿನ ಆ ಕಡೆ ಸದಾಶಿವಪ್ಪನವರು, ಎಡಬಲಕ್ಕೆ ಅವರು ನಕ್ಕಾಗ ನಗುವ ಇಬ್ಬರು.

"ಯಾವೂರಮ್ಮ?"

"ಲೊಕ್ಕನಹಳ್ಳಿ ಸಾ."

"ಓಹೋ, ಆನೆ ಊರು! ಆನೆ ಬಂದ್ರೆ ಓಡೋಕೆ ಕಲ್ತಿರ್ತೀಯ. ಪಿಎಚ್‌ಡಿ ಮಾಡೋಕೆ ಬರುತ್ತಾ?"

"ಆನೇನ ಓಡ್ಸಕ್ಕೂ ಬತ್ತದೆ ಸಾ."

ಇಬ್ಬರೂ ನಗಬೇಕೋ ಬೇಡವೋ ತಿಳಿಯದೆ ಸಾಹೇಬರ ಮುಖ ನೋಡಿದರು. ಹುಳುವಿನ ಬಗ್ಗೆ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ. ಆದರೂ ಸೀಟು ಸಿಕ್ಕಿತು. ಯಾಕೆಂದರೆ ದೆಹಲಿಯ ಪರೀಕ್ಷೆ ಪಾಸಾಗಿ ತನ್ನ ಫೆಲೋಶಿಪ್ಪನ್ನು ತಾನೇ ತಂದಿದ್ದವಳು ಅವಳೊಬ್ಬಳೇ. ಸ್ವಂತ ಮೇವು ಹೊತ್ತುಕೊಂಡು ಬರುವ ಎತ್ತನ್ನು ಯಾವ ಯಜಮಾನ ಬೇಡ ಅನ್ನುತ್ತಾನೆ? ಪ್ರಯೋಗದ ಖರ್ಚಿಗೆಂದು ಅವಳ ಹೆಸರಿಗೆ ಬಂದ ದುಡ್ಡಿನಲ್ಲಿ ಮೊದಲು ಸಾಹೇಬರ ಕೋಣೆಯ ಕಿಟಕಿಗೆ ಪರದೆ ಬಂತು.

ಬಳಗದಲ್ಲಿ ಎಲ್ಲರಿಗೂ ಒಂದೊಂದು ವಿಷಯ, ಒಂದೊಂದು ಊಳಿಗ. ಚಿಕ್ಕಮಾದಪ್ಪನಿಗೆ ಹುಳುವಿನ ರೋಗ ಮತ್ತು ಸಾಹೇಬರ ಕಾರಿನ ಬಾಗಿಲು. ಎಲ್ಲರಿಗಿಂತ ಹಿರಿಯನಾದ, ಮದುವೆಯಾಗಿ ಮಗು ಶಾಲೆಗೆ ಹೋದರೂ ಪ್ರಬಂಧ ಮುಗಿಯದ ರುದ್ರಸ್ವಾಮಿಗೆ ನೂಲಿನ ಗುಣಮಟ್ಟ ಮತ್ತು ಹಾರ. ಸಾಹೇಬರಿಗೆ ವಾರಕ್ಕೊಂದಾದರೂ ಹಾರ ಬೀಳುತ್ತಿತ್ತು. ಅವರು ಹೊಸ ಬೀರು ತರಿಸಿದರೂ ಸನ್ಮಾನ, ಮೈಸೂರಿಗೆ ಹೋಗಿ ಬಂದರೂ ಸನ್ಮಾನ. ಹುಳುಮನೆಯ ಬಾಗಿಲ ಮೇಲೆ ಹಾರ ತೂಗುಹಾಕಲೆಂದೇ ಒಂದು ದಪ್ಪ ಮೊಳೆ ಹೊಡೆದಿತ್ತು. ಬಿದ್ದ ಹಾರಗಳನ್ನು ಸಾಹೇಬರ ಮನೆಗೆ ಮುಟ್ಟಿಸುವುದು ಪವಿತ್ರಳ ಪಾಲು. ಮನೆಯ ಅಮ್ಮಾವ್ರು ಅವನ್ನು ಗೇಟಿಗೆ ಕಟ್ಟಿಸುತ್ತಿದ್ದರು. ಬೀದಿಗೆ ಗೊತ್ತಾಗಬೇಕಲ್ಲ.

ಪವಿತ್ರಳ ವಿಷಯ ಸೊಪ್ಪು. ಕಾಡಂಚಿನಲ್ಲಿ ಬರೀ ಮಳೆಯನ್ನು ನಂಬಿ ಬೆಳೆದ ಹಿಪ್ಪುನೇರಳೆ, ಯಳಂದೂರಿನ ಕಡೆಯ ನೀರಾವರಿ ತೋಟದ ಹಿಪ್ಪುನೇರಳೆಗಿಂತ ಕೀಳೋ ಅಲ್ಲವೋ ಎಂದು ನೋಡುವುದು. ಕೀಳು ಎಂದು ಸಾಹೇಬರು ಪುಸ್ತಕದಲ್ಲಿ ಬರೆದು ಬಹಳ ಕಾಲವಾಗಿತ್ತು. ಆ ಒಂದು ಸಾಲನ್ನು ನೆಚ್ಚಿ ರೇಷ್ಮೆ ಇಲಾಖೆಯ ನೆರವೆಲ್ಲ ಬಯಲಿನ ನೀರಾವರಿ ತೋಟಗಳಿಗೆ ಹರಿಯುತ್ತಿತ್ತು. ಬಯಲಿನ ತೋಟಗಳು ಯಾರವು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರದ್ದೂ ಒಂದಿತ್ತು. ಆನೆ ಊರಿನ ಹುಡುಗಿಯ ಕೈಯಲ್ಲೇ ಆನೆ ಊರಿನ ಸೊಪ್ಪು ಕೀಳು ಅನ್ನಿಸಿದರೆ ಮುಗಿಯಿತಲ್ಲ ಎಂದೇ ಅವರು ಅವಳಿಗೆ ಆ ವಿಷಯ ಕೊಟ್ಟದ್ದು.

ಎರಡು ವರ್ಷದಲ್ಲಿ ಬಂದ ಅಂಕಿಗಳು ಬೇರೆಯೇ ಹೇಳುತ್ತಿದ್ದವು. ಲೊಕ್ಕನಹಳ್ಳಿ ಸೊಪ್ಪು ತಿಂದ ಹುಳು ಕಟ್ಟಿದ ಗೂಡು ಒಂದು ಗುಲಗಂಜಿಯಷ್ಟೂ ಕಮ್ಮಿ ತೂಗಲಿಲ್ಲ. ಇನ್ನೊಂದು ಬೆಳೆ, ಅಂದರೆ ಇನ್ನೊಂದು ಸಲ ಸಾಕಿದ ಹುಳು, ಇದೇ ಮಾತು ಹೇಳಿದರೆ ಪ್ರಬಂಧ ಗಟ್ಟಿಯಾಗುತ್ತಿತ್ತು. ಅದೇ ಬೆಳೆಯ ಫಲ ನೋಡಿ ಸಾಹೇಬರು ಸಹಿ ಹಾಕಿದರೆ ಫೆಲೋಶಿಪ್ಪು ಮುಂದಿನ ವರ್ಷಕ್ಕೆ ಮುಂದುವರಿಯುತ್ತಿತ್ತು. ಹಾಕದಿದ್ದರೆ ಹಾಸ್ಟೆಲ್ಲೂ ಇಲ್ಲ, ಪ್ರಬಂಧವೂ ಇಲ್ಲ.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗಬಗಬ ಸೊಪ್ಪು ತಿನ್ನುವ ದಿನ ವಿಭಾಗದಲ್ಲಿ ಬೆಳೆ ಪೂಜೆ. ಬಾಗಿಲಲ್ಲಿ ಸಾಹೇಬರಿಗೆ ಹಾರ ಹಾಕಿ, ಕಾಲಿಗೆ ಬಿದ್ದು, ಹಾರವನ್ನು ಮೊಳೆಗೆ ಹಾಕಿ ಮುಗಿಸುವುದು ವಾಡಿಕೆ. ಆ ವರ್ಷ ಸಾಹೇಬರು ಡೀನ್ ಆಗುವ ಸುದ್ದಿ ಇತ್ತು. ರುದ್ರಸ್ವಾಮಿ ಮಾಮೂಲಿ ಮಲ್ಲಿಗೆ ಹಾರ ಬಿಟ್ಟು, ರಸ್ತೆಬದಿಯ ಹೊಲದಿಂದ ಎಮ್ಮೆಯ ಕೊರಳಿಗಾಗುವಷ್ಟು ದಪ್ಪದ ಸೇವಂತಿಗೆ ಹಾರ ಕಟ್ಟಿಸಿ ತಂದ. ಕೊಳ್ಳೇಗಾಲದ ಸ್ಟುಡಿಯೋದಿಂದ ಫೋಟೋದವನೂ ಬಂದ.

ಹಾರ ಹತ್ತಿರ ಬರುತ್ತಿದ್ದ ಹಾಗೆ ಪವಿತ್ರಳಿಗೆ ಔಷಧಿಯ ಘಾಟು ಹೊಡೆಯಿತು.

"ರುದ್ರಣ್ಣ, ಈ ಹೂವಿಗೆ ಔಷಧಿ ಹೊಡ್ದವ್ರೆ."

"ನೆನ್ನೆ ಹೊಡ್ದವ್ರೆ. ಇಲ್ದಿದ್ರೆ ಹೂ ಇಷ್ಟು ದಪ್ಪ ಬತ್ತದಾ? ಸುಮ್ಕಿರು."

ಸಾಹೇಬರು ಹಾರ ಹಾಕಿಸಿಕೊಂಡರು. ಫೋಟೋದವನು ಕ್ಯಾಮೆರಾದಲ್ಲಿ ನೋಡಿ, "ಸಾ, ಬಾಗಿಲಲ್ಲಿ ನಿಂತ್ರೆ ಬರೀ ಗೋಡೆ ಬತ್ತದೆ. ಒಳಕ್ಕೋಗಿ ಹುಳಿನ ಪಕ್ಕ ನಿಂತ್ಕಳಿ" ಅಂದ. ಸಾಹೇಬರು ಚಪ್ಪಲಿಯಲ್ಲೇ ಒಳಗೆ ನಡೆದರು.

"ಸಾ, ಹಾರ ಆಚೆನೇ ಇರ್ಲಿ ಸಾ" ಅಂದಳು ಪವಿತ್ರ.

ಸದಾಶಿವಪ್ಪನವರು ನಿಂತು, ತಿರುಗಿ, ಬಳಗವನ್ನೆಲ್ಲ ಒಂದು ಸುತ್ತು ನೋಡಿದರು. "ಕೇಳಿದ್ರೇನ್ರಯ್ಯಾ? ಪುಸ್ತಕ ಬರೆದೋನಿಗೇ ಪಾಠ!"

ಬಳಗ ನಕ್ಕಿತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವರೇ ಎಲ್ಲರೂ.

ಕಿಟಕಿಯ ಬೆಳಕು ಬೀಳುತ್ತಿದ್ದದ್ದು ಲೊಕ್ಕನಹಳ್ಳಿ ಸೊಪ್ಪಿನ ತಟ್ಟೆಗಳ ಸಾಲಿಗೆ. ಬಯಲ ಸೊಪ್ಪಿನ ಸಾಲು ಆಚೆ ಗೋಡೆಗಿತ್ತು. "ಹಾರ ತಗದು ಹುಳಿನ ಮೇಲಿಟ್ಬುಡಿ ಸಾ, ಕಲರ್ ಚೆನ್ನಾಗ್ ಬತ್ತದೆ" ಅಂದ ಫೋಟೋದವನು. ಸಾಹೇಬರು ಹಾರ ತೆಗೆದು, ಹೆಣಕ್ಕೆ ಹಾಕುವಷ್ಟೇ ಭಕ್ತಿಯಿಂದ, ತಟ್ಟೆಗಳ ಮೇಲೆ ಉದ್ದಕ್ಕೆ ಹಾಸಿದರು. ಚಪ್ಪಾಳೆ. ಆಮೇಲೆ ಎಲ್ಲರೂ ಕೇಸರಿಬಾತು ತಿನ್ನಲು ಹೋದರು. ಪವಿತ್ರ ಓಡಿ ಹಾರ ಎತ್ತಿ ಆಚೆ ಎಸೆದು ಸೊಪ್ಪು ಬದಲಾಯಿಸಿದಳು. ಅಷ್ಟರಲ್ಲೇ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದ್ದವು. ಹಸಿರು ಕಕ್ಕಿದವು. ಸಂಜೆಗೆ ಆ ಸಾಲೆಲ್ಲ ಕುಗ್ಗಿ, ಬಾಡಿದ ಹುರುಳಿಕಾಯಿಯ ಹಾಗೆ ಬಿದ್ದಿತ್ತು.

ಮಾರನೆಯ ದಿನ ಸಾಹೇಬರು ಬಾಗಿಲಲ್ಲೇ ನಿಂತು ನೋಡಿದರು. ಅವರ ಮುಖದಲ್ಲಿ ಮರುಕ ಹುಡುಕಿದರೆ ಸಿಗುತ್ತಿರಲಿಲ್ಲ.

"ಪುಸ್ತಕದಲ್ಲಿ ನಾನು ಬರೆದದ್ದೇ ಆಯ್ತು ನೋಡಮ್ಮ. ನಿಮ್ಮೂರ ಸೊಪ್ಪು ಹುಳಕ್ಕೆ ಒಗ್ಗಲ್ಲ."

"ಸಾ, ಹಾರ..."

"ಯಾವ ಹಾರ?"

ರುದ್ರಸ್ವಾಮಿ ಅವಳನ್ನು ಪಕ್ಕಕ್ಕೆ ಕರೆದ. "ಸೊಪ್ಪಿಂದ ಸತ್ವು ಅಂತ ಬರ್ಕೋ. ಸಾಹೇಬ್ರು ಇವತ್ತೇ ಸಹಿ ಹಾಕ್ತಾರೆ. ನಿಂಗೇನು, ಸೊಪ್ಪೇನು ನಿನ್ ತಂಗೀನಾ?"

"ಸೊಪ್ಪು ನಮ್ಮೂರದು ಕಣಣ್ಣ. ನಾಳೆ ಇದ ತೋರ್ಸಿ ಇಲಾಖೆಯೋರು ನಮ್ಮೂರೋರ್ನ ಬಾಗ್ಲಿಂದಾಚೆ ನಿಲ್ಲಿಸ್ತಾರೆ."

"ಈಗೇನು ಒಳಗ್ ಕರ್ದು ಮಣೆ ಹಾಕವ್ರಾ?" ಅಂದ ರುದ್ರಸ್ವಾಮಿ. ಇಷ್ಟು ವರ್ಷದಲ್ಲಿ ಅವನು ಆಡಿದ ಒಂದೇ ನಿಜವಾದ ಮಾತು ಅದು.

ಪವಿತ್ರ ಬರೆಯಲಿಲ್ಲ. ಅವಳ ಕೆಲಸ ನೋಡಿ ಫೆಲೋಶಿಪ್ಪು ಮುಂದುವರಿಸುವ ಸಮಿತಿ ಕೂಡಲು ಇನ್ನೂ ಸಮಯವಿತ್ತು. ಹೊಸ ಮೊಟ್ಟೆ ತಂದು, ಬಯಲ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿ ಲೊಕ್ಕನಹಳ್ಳಿಗೆ ಹೋದಳು. ಮನೆಯ ನಡುಕೋಣೆಯಲ್ಲೇ ಹುಳು ಸಾಕಿದಳು. ಸೊಪ್ಪು ಸಾಲದಾದಾಗಲೆಲ್ಲ ಕೊಳ್ಳೇಗಾಲಕ್ಕೆ ಓಡಿ ಬರುತ್ತಿದ್ದಳು. ಹುಳು ನಾಲ್ಕನೇ ಜ್ವರದಿಂದ ಎದ್ದ ವಾರ ಸಾಹೇಬರು ಡೀನ್ ಆದರು. ಅದೇ ಹೊಲದ ಅಂಥದೇ ಸೇವಂತಿಗೆ ಹಾರ ಬಿತ್ತು. ಮನೆಗೆ ಮುಟ್ಟಿಸೆಂದು ಎಂದಿನಂತೆ ಅವಳ ಕೈಗೇ ಕೊಟ್ಟರು. ಹಾರ ಗೇಟಿಗೆ ಹೋಗಲಿಲ್ಲ, ಅವಳ ಊರಿನ ಕಡೆಯ ಹನೂರು ಬಸ್ಸು ಹತ್ತಿತು.

ನಾಲ್ಕು ತಟ್ಟೆ. ಎರಡರಲ್ಲಿ ಊರ ಸೊಪ್ಪು, ಎರಡರಲ್ಲಿ ಬಯಲ ಸೊಪ್ಪು. ಒಂದೊಂದು ಜೊತೆಯಲ್ಲಿ ಒಂದನ್ನು ನಡುಕೋಣೆಯಲ್ಲೇ ಬಿಟ್ಟಳು. ಇನ್ನೊಂದನ್ನು ಹಿತ್ತಿಲ ಕೊಟ್ಟಿಗೆಗೆ ಒಯ್ದು ಅದರ ಮೇಲೆ ಅರ್ಧ ಹಾರ ಇಟ್ಟಳು. ಅವಳ ತಾಯಿ ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸಾಯ್ಸಕೇ ಅಂತ ಸಾಕಿದ್ದೀಯಲ್ಲವ್ವ, ಇದೆಂತ ಓದು?"

"ನಾನ್ ಸಾಯಿಸ್ತಿಲ್ಲ ಕಣವ್ವ. ನಮ್ ಸಾಹೇಬ್ರ ಗೌರವ ಸಾಯಿಸ್ತದೆ."

"ಅಂಗಾರೆ ಆ ಗೌರವ ಮಿಕ್ರೆ ಒಂದಿಷ್ಟು ಹೊಲದ ಬೇಲಿಗೆ ನೇತಾಕವ್ವ. ಹಂದಿನಾದ್ರೂ ಬರದಂಗಾಯ್ತದೆ."

ಹಾರ ಬಿದ್ದ ಎರಡು ತಟ್ಟೆಯೂ ಸತ್ತವು. ಬೀಳದ ಎರಡೂ ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಊರ ಸೊಪ್ಪಿನದು, ಬಯಲ ಸೊಪ್ಪಿನದು ಯಾವುದೆಂದು ಕಣ್ಣುಮುಚ್ಚಿ ಹಿಡಿದರೆ ಹೇಳಲಾಗುತ್ತಿರಲಿಲ್ಲ.

ಸಮಿತಿ ಕೂಡಿದ ದಿನ, ಹೊರಗಿನ ಪರಿಣತರಾಗಿ ಮೈಸೂರಿನಿಂದ ಬಂದ ಡಾಕ್ಟರ್ ಶಾಂತಮೂರ್ತಿಯವರಿಗೂ ರುದ್ರಸ್ವಾಮಿ ಹಾರ ಹಾಕಿದ. ಸದಾಶಿವಪ್ಪನವರು ತಮ್ಮ ಹಾರದೊಳಗೆ ಗಲ್ಲದವರೆಗೆ ಮುಳುಗಿ ಕೂತಿದ್ದರು. ಪವಿತ್ರ ಗೋಡೆಗೆ ಹಾಳೆ ಅಂಟಿಸಿದಳು. ಒಂದು ಅಂಕಣ ಸೊಪ್ಪು, ಒಂದು ಗೂಡು. ನಡುವೆ ಇನ್ನೊಂದು.

"ಇದೇನಮ್ಮ, ಹಾರ ಅಂತ ಬರ್ದಿದ್ದೀಯ?" ಶಾಂತಮೂರ್ತಿ ಕನ್ನಡಕ ಏರಿಸಿಕೊಂಡರು. "ಎಂಥ ಹಾರ?"

"ಔಷಧಿ ಹೊಡ್ದ ಸೇವಂತಿಗೆದು ಸಾ. ತಮ್ಮ ಕೊರಳಲ್ಲಿರೋದು ಅದೇ ಹೊಲದ್ದು."

ಶಾಂತಮೂರ್ತಿಯವರು ತಮ್ಮ ಹಾರವನ್ನು ಮೆಲ್ಲಗೆ ತೆಗೆದು ಕುರ್ಚಿಯ ಕೆಳಗೆ ತಳ್ಳಿದರು. ಅಷ್ಟು ಮಾಡಿದ್ದಕ್ಕೇ ಅವರಿಗೆ ಸುಸ್ತಾದಂತೆ ಕಂಡಿತು.

"ಪ್ರಯೋಗವೇನೋ ಅಚ್ಚುಕಟ್ಟಾಗಿದೆ. ಆದರೆ..." ಅಂದರು. ವಿದ್ವಾಂಸರ ಧೈರ್ಯ ಈ 'ಆದರೆ'ವರೆಗೆ ಬಂದು ಕೂತುಬಿಡುತ್ತದೆ. "ಆದರೆ, ಸದಾಶಿವಪ್ಪನವರು ಹಿರಿಯರು. ಹಾರದ ಅಂಕಣ ತೆಗೆದುಬಿಡು. ವಿಭಾಗದಲ್ಲಿ ಆ ಬೆಳೆ ಕೆಟ್ಟಿತು ಅಂತಷ್ಟೇ ಇರಲಿ. ಎಲ್ಲರೂ ಸಹಿ ಹಾಕ್ತೀವಿ, ನಿನ್ನ ಫೆಲೋಶಿಪ್ಪೂ ಉಳಿಯುತ್ತೆ."

"ಹಾರ ತೆಗುದ್ರೆ ಹಾಳೇಲಿ ಬರೀ ಸತ್ತ ಹುಳ ಉಳೀತದೆ ಸಾ. ಯಾಕ್ ಸತ್ವು ಅಂತ ಯಾರಾರ ಕೇಳೇ ಕೇಳ್ತಾರೆ. ಸೊಪ್ಪಿನ ತಲೆಗೆ ಕಟ್ತಾರೆ. ತೆಗೆಯಲ್ಲ."

ಸದಾಶಿವಪ್ಪನವರು ಎದ್ದರು. "ಇವಳಿಗೆ ನಾನು ಗೈಡ್ ಅಲ್ಲ. ಸಹಿ ಇಲ್ಲ. ಕೈತುತ್ತು ಕೊಟ್ಟು ಬೆಳೆಸಿದ್ದಕ್ಕೆ ಒಳ್ಳೆ ಗುರುಕಾಣಿಕೆ."

"ಕೈತುತ್ತು ದೆಹಲಿದು ಸಾ. ಕಿಟಕಿ ಪರದೆ ಮಾತ್ರ ನಿಮ್ದು" ಎಂದು ಪವಿತ್ರ ಹಾಳೆ ಸುತ್ತಿಕೊಂಡಳು.

ಬಾಗಿಲಲ್ಲಿ ರುದ್ರಸ್ವಾಮಿ ಅಭ್ಯಾಸಬಲದಿಂದ ಸಾಹೇಬರ ಹಾರವನ್ನು ಅವಳ ಕೈಗೆ ಕೊಡಲು ಬಂದ. "ಓಗ್ತಾ ಮನೆಗೆ ಕೊಟ್ಬುಡು."

"ನೀನೇ ಹಾಕ್ಕಳಣ್ಣ. ಬಗ್ಗಿದ ಕತ್ತಿಗೆ ಸಲೀಸಾಗಿ ಬೀಳ್ತದೆ."

ಫೆಲೋಶಿಪ್ಪು ನಿಂತಿತು. ಮುಂದಿನ ವರ್ಷ ವಿಭಾಗದಿಂದ ಒಂದು ಲೇಖನ ಹೊರಬಂತು: ಔಷಧಿ ಸಿಂಪಡಿಸಿದ ಹೂವುಗಳಿಂದ ರೇಷ್ಮೆ ಹುಳುವಿಗಾಗುವ ಹಾನಿ. ಬರೆದವರು ಸದಾಶಿವಪ್ಪ ಮತ್ತು ರುದ್ರಸ್ವಾಮಿ. ರುದ್ರಸ್ವಾಮಿ ಕೊನೆಗೂ ಡಾಕ್ಟರಾದ. ಹುಳುಮನೆಯ ಬಾಗಿಲಿಗೆ 'ಹೂವು, ಹಾರ ಒಳಗೆ ತರಬಾರದು' ಎಂದು ಸಾಹೇಬರ ಹೆಸರಿನಲ್ಲೇ ಬೋರ್ಡು ಬಂತು. ಬೋರ್ಡಿನ ಉದ್ಘಾಟನೆಗೆ ಅವರಿಗೆ ಇನ್ನೂ ದಪ್ಪದ ಹಾರ ಬಿತ್ತು.

ಆ ಉದ್ಘಾಟನೆಯ ಫೋಟೋ ಪೇಪರಿನಲ್ಲಿ ಬಂದ ವಾರವೇ ಪವಿತ್ರ ಉತ್ತರದ ಕಡೆಯ ಇನ್ನೊಂದು ವಿಶ್ವವಿದ್ಯಾನಿಲಯದ ಸಂದರ್ಶನಕ್ಕೆ ಕೂತಿದ್ದಳು. ಮೇಜಿನ ಆ ಕಡೆ ಬೇರೆ ಪ್ರೊಫೆಸರು.

"ಹಿಂದಿನ ಗೈಡ್ ಯಾಕ್ರಿ ಬಿಟ್ಟರು?"

"ಆನೆ ಓಡ್ಸಕ್ಕೆ ಓಗಿದ್ದೆ ಸಾ."

"ಓಡಿತೇನು?"

"ಇಲ್ಲ ಸಾ. ನನ್ ಬೋರ್ಡ್ ಹಾಕ್ಕಂಡು ಅಲ್ಲೇ ನಿಂತದೆ."

ಅವರಿಗೆ ಅರ್ಥವಾಗಲಿಲ್ಲ. ಆದರೂ ಸೊಪ್ಪಿನ ಬಗ್ಗೆ, ಹುಳುವಿನ ಬಗ್ಗೆ ಕೇಳಿದರು, ಬಹಳ ಹೊತ್ತು ಕೇಳಿದರು. ಕೊನೆಗೆ "ನಿಮಗೇನಾರ ಕೇಳೋದೈತೇನು?" ಅಂದರು.

"ನಿಮ್ ಹುಳುಮನೆ ನೋಡ್ಬೇಕು ಸಾ."

ಕರೆದುಕೊಂಡು ಹೋದರು. ಬಾಗಿಲಲ್ಲಿ ಕೈತೊಳೆಯಲು ನೀರಿತ್ತು. ಬಾಗಿಲ ಮೇಲೆ ಮೊಳೆಯೂ ಇತ್ತು, ಅದರಲ್ಲಿ ಒಣಗಿದ ಹೂವಿನ ದಾರ ತೂಗುತ್ತಿತ್ತು. ಪವಿತ್ರ ಚಪ್ಪಲಿ ಬಿಟ್ಟಳು. ಅಂಗಳದಿಂದ ಒಂದು ಕಲ್ಲು ಆರಿಸಿಕೊಂಡು ಬಂದು, ಎಡಕ್ಕೊಂದು ಬಲಕ್ಕೊಂದು ಏಟು ಕೊಟ್ಟು ಮೊಳೆಯನ್ನು ಕಿತ್ತು ಕೆಳಗೆ ಹಾಕಿದಳು. ಆಮೇಲೆ ಕೈ ತೊಳೆದುಕೊಂಡು ಕೇಳಿದಳು:

"ಈಗ ಹೇಳಿ ಸಾ, ಸೇರಿಸ್ಕತೀರಾ?"