ಎಡೆಯ ಮೇಲೆ ಜೇಡ

ನನಗೆ ಜೇಡ ಕಂಡರೆ ಭಯ. ಇದೇನೂ ಗುಟ್ಟಲ್ಲ. ಕೊಡಿಗೇಹಳ್ಳಿಯ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನಿಗೂ ಗೊತ್ತು. ಅವನು ಮಡಿಸಿಕೊಟ್ಟ ಯೂನಿಫಾರ್ಮಿನ ತೋಳಿನಿಂದ ಒಂದು ಹೊರಬಂದ ದಿನ ನಾನು ಕಿರುಚಿದ ಸದ್ದಿಗೆ ಎದುರು ಪಿಜಿಯ ಹುಡುಗಿಯರೆಲ್ಲ ಬಾಲ್ಕನಿಗೆ ಬಂದು ನಿಂತಿದ್ದರು. ಅವತ್ತಿನಿಂದ ಅವನು ನನ್ನ ಬಟ್ಟೆಯನ್ನು ಒಮ್ಮೆ ಒದರಿಯೇ ಕೊಡುತ್ತಾನೆ. ಒಳ್ಳೆಯ ಮನುಷ್ಯ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಹದಿಮೂರು ವರ್ಷದಿಂದ ನರ್ಸ್. ರಕ್ತ, ಕೀವು, ವಾಂತಿ ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಹೆಣದ ಮೈ ಒರೆಸಿ, ಬಟ್ಟೆ ಉಡಿಸಿ, ಕೈ ತೊಳೆದುಕೊಂಡು ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದಿದ್ದೇನೆ. ಆದರೆ ಈ ಎಂಟು ಕಾಲಿನದು ಮಾತ್ರ ಬೇಡ. ಏಳು ವರ್ಷದವಳಿದ್ದಾಗ ಬಚ್ಚಲಲ್ಲಿ ಒಂದು ನನ್ನ ಬೆನ್ನ ಮೇಲೆ ಬಿತ್ತು. ಮಾರನೆಯ ದಿನ ಬೆನ್ನಿನಲ್ಲಿ ಬೊಬ್ಬೆ. ‘ಜೇಡ ಉಚ್ಚೆ ಹುಯ್ದದೆ’ ಎಂದು ಅಜ್ಜಿ ಬೇವಿನ ಸೊಪ್ಪು, ಅರಿಶಿನ ಅರೆದು ಮೆತ್ತಿ ಮೂರು ದಿನ ಮೂಲೆಯಲ್ಲಿ ಕೂರಿಸಿದ್ದಳು. ಜೇಡ ಹಾಗೆಲ್ಲ ಮಾಡುವುದಿಲ್ಲ ಎಂದು ನರ್ಸಿಂಗ್ ಓದಿದ ಮೇಲೆ ತಿಳಿಯಿತು. ತಲೆಗೆ ತಿಳಿಯಿತು, ಬೆನ್ನಿಗೆ ತಿಳಿಯಲಿಲ್ಲ.

ಇಂಥ ನನಗೆ ಕೆಲಸ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ. ಎರಡು ವರ್ಷ ರಾತ್ರಿ ಪಾಳಿ ಮುಗಿಸಿ ಬಂದು ಇಂಗ್ಲಿಷ್ ಓದಿ ಪರೀಕ್ಷೆ ಪಾಸು ಮಾಡಿದವಳು ನಾನು. ವೀಸಾ ಬಂದ ದಿನವೇ ಅಲ್ಲಿಯವರು ಹೊಸಬರಿಗೆಂದು ಒಂದು ವೀಡಿಯೊ ಕಳಿಸಿದರು. ಅದರಲ್ಲಿ ಒಬ್ಬ ಹೆಂಗಸು ನಗುನಗುತ್ತಾ ಹೇಳುತ್ತಿದ್ದಳು: ಮನೆಯಲ್ಲಿ ದೊಡ್ಡ ಜೇಡ ಕಂಡರೆ ಗಾಬರಿ ಬೇಡ, ಲೋಟ ಮುಚ್ಚಿ, ಅಡಿಯಲ್ಲಿ ರಟ್ಟು ತೂರಿಸಿ ಹೊರಗೆ ಬಿಡಿ, ಶೂ ಹಾಕುವ ಮುಂಚೆ ಒದರಿಕೊಳ್ಳಿ. ಎಷ್ಟು ದೊಡ್ಡದು ಎಂದು ಅಂಗೈ ಅಗಲಿಸಿ ತೋರಿಸಿದಳು. ನಾನು ಫೋನನ್ನು ಬೋರಲು ಮಲಗಿಸಿ ನೀರು ಕುಡಿದೆ.

ಆ ವೀಡಿಯೊವನ್ನು ದೊಡ್ಡಪ್ಪನ ಮಗ ಮಹೇಂದ್ರನಿಗೆ ತೋರಿಸಿದ್ದೇ ನನ್ನ ತಪ್ಪು. ಹೆದರಿದವರ ಮೇಲೆ ಹಾವು ಎಸೆಯುವ ಜಾತಿ ಅವನು. ಅಂದಿನಿಂದ ಮನೆಯ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಒಂದು ಆಸ್ಟ್ರೇಲಿಯಾದ ಜೇಡ. ಕಮೋಡಿನಲ್ಲಿ, ಕಾರಿನ ಸ್ಟೀರಿಂಗಿನ ಮೇಲೆ, ದಿಂಬಿನ ಕೆಳಗೆ.

ಮಹೇಂದ್ರನ ಅಪ್ಪ, ನನ್ನ ದೊಡ್ಡಪ್ಪ ರಾಮಕೃಷ್ಣಪ್ಪ, ನಮ್ಮ ಮನೆಯ ಯಜಮಾನರು. ನನ್ನಪ್ಪ ತೀರಿಕೊಂಡು ಇಪ್ಪತ್ತೆಂಟು ವರ್ಷ. ನಾನು ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬೇಡವೆಂದು ವಾಪಸು ಬಂದವಳು. ಹಾಗಾಗಿ ಅಮ್ಮನೂ ನಾನೂ ಇರುವುದು ದೊಡ್ಡಪ್ಪನ ಹಳೇ ಹೆಂಚಿನ ಮನೆಯಲ್ಲೇ. ಅವರು ನಮ್ಮನ್ನು ಕೆಟ್ಟದಾಗಿ ನೋಡಿಕೊಂಡರು ಎಂದರೆ ನಾಲಿಗೆ ಬಿದ್ದುಹೋದೀತು. ಆದರೆ ಅವರಿಗೆ ಸಕ್ಕರೆ ಕಾಯಿಲೆ. ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚುವವಳು ನಾನು. ಸೂಜಿ ಕಂಡೊಡನೆ ಆ ದೊಡ್ಡ ಮೀಸೆಯ ಮನುಷ್ಯ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚುತ್ತಾರೆ. ನಾನು ಹೋದರೆ ಚುಚ್ಚುವವರು ಯಾರು? ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಆಗದು. ಅದಕ್ಕೇ ನನ್ನ ಜೇಡದ ಭಯವನ್ನು ನೆಪವಾಗಿ ಹಿಡಿದುಕೊಂಡರು.

“ಗೋಡೆ ಮೇಲಿನ್ ಜೇಡಕ್ಕೆ ಕಿಟಾರನೆ ಕಿರುಚ್ಕಳೋಳು, ಜೇಡದ್ ದೇಸಕ್ಕೇ ಓಗ್ತಾಳಂತೆ. ಎಂಟ್ ದಿನಕ್ಕೆ ವಾಪಸ್ ಬಂದ್ರೆ ಊರೋರ್ ಮುಂದೆ ನಾನ್ ಮುಖ ಎಂಗಮ್ಮ ಎತ್ಲಿ? ಒಂದ್ಸಲ ಬಂದಿದ್ದು ಸಾಲ್ದಾ?”

ಕೊನೆಯ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದು.

ನನಗೆ ಬೇಕಿದ್ದದ್ದು ಅವರ ಅಪ್ಪಣೆಯಲ್ಲ. ಮೂವತ್ತಾರು ವರ್ಷದ ಹೆಂಗಸಿಗೆ ಯಾರ ಅಪ್ಪಣೆ? ಬೇಕಿದ್ದದ್ದು ಅಮ್ಮನ ಒಂದು ಮಾತು. ಹೋಗಿ ಬಾ ಎಂದು ಅವಳು ಅಂದರೆ ಸಾಕು. ಅವಳೋ ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದಳು. “ನಿನ್ ಇಷ್ಟ ಕಣಮ್ಮ. ನಿಮ್ ದೊಡ್ಡಪ್ಪನ್ನೂ ಒಂದ್ ಮಾತ್ ಕೇಳು.” ಭಾವನ ಎದುರು ನಿಂತು ಮಾತಾಡಿದವಳಲ್ಲ ನನ್ನಮ್ಮ ಮುನಿನಾರಾಯಣಮ್ಮ. ಏನಾದರೂ ಹೇಳಬೇಕಿದ್ದರೆ ಬಾಗಿಲ ಹಿಂದಿನಿಂದಲೇ. ಅವಳ ಮಾತಿಲ್ಲದೆ ವಿಮಾನ ಹತ್ತಿದರೆ ಆ ಊರಿನಲ್ಲಿ ನನಗೆ ಒಂದು ತುತ್ತೂ ಇಳಿಯದು ಎಂದು ಗೊತ್ತಿತ್ತು.

ನಾನು ಹೊರಡುವ ಹನ್ನೆರಡು ದಿನ ಮುಂಚೆ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಡೆ ಇಡುವ ದಿನ. ಅದಕ್ಕೆ ಮೊದಲು ಮನೆಯ ಮೂಲೆಮೂಲೆ ಗುಡಿಸಿ, ಅಟ್ಟದ ಬಲೆ ಹೊಡೆದು, ಸಾರಿಸಬೇಕು. ಅಟ್ಟದ ಕೆಲಸ ಪ್ರತಿ ವರ್ಷ ಅಮ್ಮನದು. ಆ ದಿನ ದೊಡ್ಡಪ್ಪ ‘ಧೂಳು ಆಗಲ್ಲ’ ಎಂದು ಪೇಪರ್ ಹಿಡಿದು ಬೀದಿ ಜಗಲಿಗೆ ಹೋಗಿ ಕೂರುವರು. ಈ ವರ್ಷ ಅಮ್ಮನ ಮಂಡಿ ಏಣಿ ಹತ್ತುವ ಹಾಗಿರಲಿಲ್ಲ.

ಊಟಕ್ಕೆ ಕೂತಾಗ ದೊಡ್ಡಪ್ಪ ಎಲ್ಲರೆದುರು ಹೇಳಿದರು. “ಈ ಸಲ ಅಟ್ಟ ವನಿತಾ ಗುಡಿಸ್ಲಿ. ಗುಡಿಸ್ಬುಟ್ರೆ ನಾನ್ ಒಂದ್ ಮಾತೂ ಆಡಲ್ಲ. ಓಗ್ಲಿ.”

ಮಹೇಂದ್ರ ಮುದ್ದೆ ನುಂಗುವುದನ್ನು ಬಿಟ್ಟು ನಕ್ಕ. “ಆಗಲ್ಲ ಬಿಡಪ್ಪಾ. ಪಾಪ.”

ಆ ‘ಪಾಪ’ ನನ್ನ ಮೈಗೆ ಬೆಂಕಿ ಇಟ್ಟಿತು. “ಗುಡಿಸ್ತೀನಿ” ಎಂದೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಮಾಸ್ಕು, ಟೋಪಿ, ಎರಡು ಜೊತೆ ಗ್ಲೌಸು ಹಾಕಿಕೊಂಡು, ಗಳಕ್ಕೆ ಪೊರಕೆ ಕಟ್ಟಿ ಏಣಿಯ ಬುಡದಲ್ಲಿ ನಿಂತೆ. ಆಪರೇಷನ್ನಿಗೆ ಹೊರಟವಳ ಹಾಗಿದ್ದೆ. ಮೂರನೇ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಅಟ್ಟದ ಬಾಯಿಯಲ್ಲಿ ಬಲೆಗಳು ಹಳೇ ಸೊಳ್ಳೆಪರದೆಯಂತೆ ಜೋತುಬಿದ್ದಿದ್ದವು.

“ಅಮ್ಮಾ, ಕೈ ನಡುಗ್ತಿದೆ.”

ಕೆಳಗೆ ಏಣಿ ಹಿಡಿದಿದ್ದ ಅಮ್ಮ ತಲೆ ಎತ್ತಲೂ ಇಲ್ಲ. “ನಡುಗ್ಲಿ. ನಡುಗ್ತಾನೇ ಗುಡಿಸು.”

ಎಷ್ಟು ದಿನ ಈ ಭಯ ಹೋಗಲಿ ಎಂದು ಕಾದಿದ್ದೆ ನಾನು! ಫೋನಿನಲ್ಲಿ ಜೇಡದ ಚಿತ್ರ ನೋಡಿ ಅಭ್ಯಾಸ ಮಾಡಿದ್ದೆ, ಉಸಿರು ಎಣಿಸಿದ್ದೆ. ನಡುಗುತ್ತಾ ಕೂಡ ಕೆಲಸ ಮಾಡಬಹುದು ಎಂದು ಯಾರೂ ಹೇಳಿರಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು ಎಂದು ಹತ್ತಿದೆ. ಗುಡಿಸಿದೆ. ಎರಡು ಗಂಟೆ ಹಿಡಿಯಿತು. ನಾಲ್ಕು ಸಲ ಕಿರುಚಿದೆ, ಒಂದು ಸಲ ಅತ್ತೆ, ಇಳಿಯಲಿಲ್ಲ. ರಾಗಿ ತುಂಬಿಡುತ್ತಿದ್ದ ಹಳೇ ಮಣ್ಣಿನ ವಾಡೆಯ ಹಿಂದಿನ ಮೂಲೆಗೂ ಪೊರಕೆ ತೂರಿಸಿ ಎಳೆದೆ. ಕೆಳಗಿಳಿದಾಗ ಮೈಯೆಲ್ಲ ಬೆವರು, ಮಸಿ. ಬೀದಿ ಜಗಲಿಗೆ ಹೋಗಿ ದೊಡ್ಡಪ್ಪನ ಪೇಪರ್ ಮೇಲೆ ಬಲೆ ಸುತ್ತಿದ ಪೊರಕೆ ಇಟ್ಟೆ. ಅವರು ಗಡಬಡಿಸಿ ಎದ್ದು ಹಿಂದೆ ಸರಿದರು. ಸೋತ ಸಿಟ್ಟು ಎಂದುಕೊಂಡೆ ನಾನು.

ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಎಡೆ ಇಟ್ಟೆವು. ತಾತನಿಗೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಕ್ವಾರ್ಟರ್ ಬ್ರಾಂದಿ, ಹೊಸ ಪಂಚೆ. ಪಕ್ಕದಲ್ಲಿ ಅಜ್ಜಿಗೆ ಸೀರೆ, ಎಲೆ ಅಡಿಕೆ. ನನ್ನಪ್ಪನಿಗೆ ಒಂದು ಶರಟು. ಪೂಜೆ ಮಾಡಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಪ್ಪ ಬಾಗಿಲನ್ನು ಮೂರು ಸಲ ತಟ್ಟಿ ತೆಗೆದರು. ತೆಗೆದವರು ಹೊಸಲಲ್ಲೇ ನಿಂತುಬಿಟ್ಟರು.

ತಾತನ ಹೊಸ ಪಂಚೆಯ ಮೇಲೆ, ನಟ್ಟನಡುವೆ, ಒಂದು ಜೇಡ ಕೂತಿತ್ತು. ಗೋಡೆಗೆ ಅಂಟಿಕೊಂಡು ಓಡುವ ಕಂದು ಜಾತಿಯದು, ಕಾಲು ಸೇರಿಸಿದರೆ ನನ್ನ ಅಂಗೈ ಅಗಲ. ಅಟ್ಟದಿಂದ ನಾನೇ ಓಡಿಸಿದ್ದು ಇರಬೇಕು. ಬೇರೆಲ್ಲಿ ಹೋದೀತು ಪಾಪ.

ದೊಡ್ಡಪ್ಪ ಅಲ್ಲಿಂದಲೇ ಕೈ ಮುಗಿದರು. “ಅಪ್ಪಯ್ಯ ಬಂದವ್ನೆ! ನೋಡಮ್ಮ ವನಿತಾ, ಯಾವ್ ರೂಪದಾಗ್ ಬಂದವ್ನೆ ನೋಡು. ಬೇರೆ ಯಾವ ರೂಪ್ವೂ ಸಿಕ್ಕಿಲ್ವಾ ಅವ್ನಿಗೆ? ಓಗ್ಬ್ಯಾಡ ಅಂತ ನಿಂಗೇ ಏಳಕ್ ಬಂದವ್ನೆ. ಹಿರಿಯರ್ ಮಾತ್ ಮೀರಿ ಓದ್ರೆ ಒಳ್ಳೇದಾಗಲ್ಲ.”

ಮಹೇಂದ್ರ ಕೂಡ ಕೆನ್ನೆ ಬಡಿದುಕೊಂಡ. ಬಾಗಿಲ ಹಿಂದೆ ಅಮ್ಮ ಸೆರಗು ಹೊದ್ದು ನಿಂತಿದ್ದಳು. ಅವಳ ಮುಖ ನೋಡಿದೆ. ಅವಳು ನಂಬಿಬಿಟ್ಟರೆ ಮುಗಿಯಿತು. ಅಟ್ಟ ಗುಡಿಸಿದ್ದೂ ವ್ಯರ್ಥ, ಎರಡು ವರ್ಷದ ಓದೂ ವ್ಯರ್ಥ.

ಭಯ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಕೋಪ ಬಂದಿತ್ತು. ಕೊಟ್ಟ ಮಾತನ್ನು ಎರಡು ದಿನಕ್ಕೆ ನುಂಗಿ, ಸತ್ತ ತಾತನನ್ನು ಎಳೆದು ತರುತ್ತಾರಲ್ಲ!

“ತಾತ ಬಂದವ್ರೆ ಅಂದ್ರಲ್ಲ ದೊಡ್ಡಪ್ಪ, ಒಳ್ಳೇದಾಯ್ತು. ಅವರನ್ನೇ ಕೇಳ್ತೀನಿ.”

ನಡುಮನೆಗೆ ನಡೆದು ಎಡೆಯ ಮುಂದೆ ಮಂಡಿಯೂರಿದೆ. ಗ್ಲೌಸ್ ಇರಲಿಲ್ಲ. ಬರಿಗೈಯನ್ನು ಪಂಚೆಯ ಮೇಲೆ, ಜೇಡದ ಮುಂದೆ ಇಟ್ಟೆ. ಕೈ ಎಲೆಯ ಹಾಗೆ ನಡುಗುತ್ತಿತ್ತು. ಬೆನ್ನಿನ ಆ ಹಳೇ ಜಾಗ ಉರಿಯತೊಡಗಿತು. “ತಾತ, ನಾನು ಆಸ್ಟ್ರೇಲಿಯಾಕ್ಕೆ ಹೋಗ್ತಿದೀನಿ” ಎಂದೆ.

ಅದು ಒಂದು ಕಾಲು ಎತ್ತಿತು. ಆಮೇಲೆ ಸರಕ್ಕನೆ ನನ್ನ ಕೈ ಮೇಲೆ ಹತ್ತಿ, ಮಣಿಕಟ್ಟು ದಾಟಿ, ನೆಲಕ್ಕೆ ಹಾರಿ, ನೇರ ದೊಡ್ಡಪ್ಪನ ಕಡೆ ಓಡಿತು.

ದೊಡ್ಡಪ್ಪ “ಅಯ್ಯಯ್ಯೋ!” ಎಂದು ಪಕ್ಕದ ಮಂಚದ ಮೇಲೆ ನೆಗೆದರು. ಎಪ್ಪತ್ತೊಂದು ವರ್ಷದವರು, ಮಂಡಿ ನೋವಿನವರು, ಒಂದೇ ನೆಗೆತಕ್ಕೆ. ಪಂಚೆಯನ್ನು ತೊಡೆಯವರೆಗೆ ಎತ್ತಿ ಹಿಡಿದು ಕಿರುಚಿದರು. “ತೆಗೀರೋ ಅದನ್ನ! ಮಹೇಂದ್ರಾ, ಹೊಡಿಯೋ!”

ಮಹೇಂದ್ರ ಆಗಲೇ ಬೀದಿಯಲ್ಲಿದ್ದ.

“ಹೊಡಿಯೋದಾ? ನಿಮ್ಮಪ್ಪ ಅಲ್ವಾ ದೊಡ್ಡಪ್ಪ?” ಎಂದೆ.

ಆಗ ಹೊಳೆಯಿತು, ಧೂಳು ಆಗಲ್ಲ ಎಂದು ಅವರು ವರ್ಷ ವರ್ಷ ಜಗಲಿಗೆ ಹೋಗುತ್ತಿದ್ದದ್ದು ಯಾಕೆ ಎಂದು. ನನ್ನ ಭಯ ಬಚ್ಚಲಲ್ಲಿ ಹುಟ್ಟಿದ್ದಲ್ಲ, ನಮ್ಮ ಮನೆತನದ್ದೇ. ಮನೆಯ ಯಜಮಾನರದ್ದು ಎಂದು ಮುಚ್ಚಿಟ್ಟಿದ್ದರು, ನನ್ನದು ಎಂದು ಊರಿಗೆಲ್ಲ ಸಾರಿದ್ದರು.

ತಾತನ ಎಡೆಯ ಸ್ಟೀಲ್ ಲೋಟದ ಬ್ರಾಂದಿಯನ್ನು ಬಟ್ಟಲಿಗೆ ಬಗ್ಗಿಸಿ, ಲೋಟವನ್ನು ಮಂಚದ ಕಾಲಿನ ಬಳಿ ನಿಂತಿದ್ದ ಜೇಡದ ಮೇಲೆ ಬೋರಲು ಹಾಕಿದೆ. ಗೋಡೆಯಿಂದ ಕ್ಯಾಲೆಂಡರ್ ರಟ್ಟು ಕಿತ್ತು ಅಡಿಗೆ ತೂರಿಸಿದೆ. ಎತ್ತಿಕೊಂಡು ಎದ್ದಾಗ ಅಮ್ಮ ಬಾಗಿಲ ಹಿಂದಿನಿಂದ ಹೊರಗೆ ಬಂದಿದ್ದಳು. ಲೋಟದಂಚನ್ನು ಚೂರೇ ಎತ್ತಿಸಿ ಇಣುಕಿ ನೋಡಿದಳು. ಜೇಡದ ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಯ ಚೀಲ ಇತ್ತು.

“ಭಾವ” ಎಂದಳು. ಮಂಚದ ಮೇಲೆ ನಿಂತವರ ಮುಖ ನೋಡಿಯೇ ಹೇಳಿದಳು. “ಇದು ಮೊಟ್ಟೆ ಒತ್ಕಂಡದೆ. ಮಾವ ಅಲ್ಲ. ನಮ್ಮತ್ತೆ ಬಂದವ್ರೆ. ಯಲಹಂಕ ಸಂತೆಯಿಂದ ಆಚೀಗೆ ಒಂದಿನ ಕಾಲಿಟ್ಟೋರಲ್ಲ ನಮ್ಮತ್ತೆ, ಯಾರೂ ಬಿಡ್ಲಿಲ್ಲ. ಅವ್ರು ಬ್ಯಾಡ ಅನ್ನಕ್ ಬರ್ತಾರಾ?”

ಅಮ್ಮ ನನ್ನ ಕಡೆ ತಿರುಗಿದಳು. “ಅಜ್ಜೀನ ಹಿತ್ತಲಲ್ ಬಿಟ್ ಬಾ. ಆಮೇಲೆ ನೀನ್ ಓಗ್ಬಾ ಮಗಳೆ.”

ಹಿತ್ತಲಿನ ನುಗ್ಗೆ ಮರದ ಬುಡದಲ್ಲಿ ಲೋಟ ಎತ್ತಿದೆ. ಅದು ಹೋಯಿತು. ನಾನು ಅಲ್ಲೇ ಕೂತು ಚೆನ್ನಾಗಿ ಅತ್ತೆ.

ಉಳಿದ ದಿನಗಳಲ್ಲಿ ದೊಡ್ಡಪ್ಪನಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಿದೆ. ಮೊದಲು ಕಿತ್ತಳೆ ಹಣ್ಣಿಗೆ, ಆಮೇಲೆ ಅವರ ಹೊಟ್ಟೆಗೆ, ನನ್ನ ಕೈ ಅವರ ಕೈ ಮೇಲೆ ಇಟ್ಟು. ನಾನು ಹೊರಡುವ ಬೆಳಿಗ್ಗೆ ಅವರೊಬ್ಬರೇ ಚುಚ್ಚಿಕೊಳ್ಳಬೇಕಿತ್ತು. ಸಿರಿಂಜ್ ಹಿಡಿದು ಬಹಳ ಹೊತ್ತು ಕೂತರು.

“ಕೈ ನಡುಗ್ತದಲ್ಲಮ್ಮ” ಎಂದರು. ಮಗುವಿನಂಥ ದನಿ. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ನಡುಗ್ಲಿ ಬಿಡಿ ಭಾವ. ನಡುಗ್ತಾನೇ ಚುಚ್ಕಳಿ.”

ಚುಚ್ಚಿಕೊಂಡರು. ಗೋಡೆಯ ಕಡೆ ತಿರುಗಲಿಲ್ಲ.

ಮಹೇಂದ್ರ ಸೂಟ್‌ಕೇಸುಗಳನ್ನು ಕಾರಿಗೆ ಹಾಕಿದ. ನಾನು ಜಗಲಿಯ ಮೇಲೆ ಕೂತು ಹೊಸ ಶೂಗಳನ್ನು ತಲೆಕೆಳಗು ಮಾಡಿ ಎರಡೆರಡು ಸಲ ಒದರಿದೆ. ಇಸ್ತ್ರಿ ಅಂಗಡಿಯವನು ನೋಡಿ ನಕ್ಕ. ಏನೂ ಬೀಳಲಿಲ್ಲ. ಬಿದ್ದಿದ್ದರೆ ಕಿರುಚಿ, ಅದನ್ನು ಹೊರಗೆ ಬಿಟ್ಟು, ಆಮೇಲೆ ಹಾಕಿಕೊಂಡು ಹೋಗುತ್ತಿದ್ದೆ.